ಹೆಸರಿಲ್ಲದ ಪತ್ರವೂ ಎಂಬತ್ತು ದೇಶಗಳೂ

1983ರ ಜುಲೈನಲ್ಲಿ ದೆಹಲಿಯ 'ಪೇಟ್ರಿಯಟ್' ಅನ್ನುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಬರೆದವರ ಹೆಸರಿಲ್ಲ. ಅಮೆರಿಕದ ಹೆಸರಾಂತ ವಿಜ್ಞಾನಿ, ಮಾನವಶಾಸ್ತ್ರಜ್ಞ ಅಂತಷ್ಟೇ ಪರಿಚಯ. ಏಡ್ಸ್ ರೋಗವನ್ನು ಹುಟ್ಟಿಸಿದ್ದು ಅಮೆರಿಕದ ಸೇನೆಯೇ, ಪಾಕಿಸ್ತಾನದಲ್ಲೂ ಇಂಥ ಪ್ರಯೋಗ ನಡೆಸಲು ಹೊರಟಿದ್ದಾರೆ, ನಾಳೆ ಅದು ಭಾರತಕ್ಕೂ ಬರಬಹುದು... ಇದು ಪತ್ರದ ಸಾರ.

ಆಗ ಏಡ್ಸ್ ಅಂದರೇನು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು ಹೇಳಿ? ಭಾರತದಲ್ಲಿ ಮೊದಲ ಸೋಂಕು ಪತ್ತೆಯಾಗಿದ್ದೇ 1986ರಲ್ಲಿ, ಮದ್ರಾಸಿನಲ್ಲಿ. ಹಾಗಾಗಿ ಆ ಪತ್ರ ದೊಡ್ಡ ಸುದ್ದಿಯೇನೂ ಆಗಲಿಲ್ಲ. ಎರಡು ವರ್ಷ ಹಾಗೇ ಬಿದ್ದಿತ್ತು.

1985ರ ಸೆಪ್ಟೆಂಬರಿನಲ್ಲಿ ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿ, ಬಲ್ಗೇರಿಯಾದ ತನ್ನ ಗೆಳೆಯರಿಗೆ ಒಂದು ತಂತಿ ಕಳಿಸಿತು. ಈ ಹೊಸ ರೋಗ ಅಮೆರಿಕದ ಪ್ರಯೋಗದ ಫಲ ಅನ್ನುವ ಅಭಿಪ್ರಾಯವನ್ನು ಹೊರದೇಶಗಳಲ್ಲಿ ಬೆಳೆಸಬೇಕು, ಈಗಾಗಲೇ ಭಾರತದ ಪತ್ರಿಕೆಗಳಲ್ಲಿ ಈ ವಿಷಯ ಬಂದಿದೆ ಅನ್ನುವುದು ಅದರ ತಾತ್ಪರ್ಯ. ಬಲ್ಗೇರಿಯಾದ ದಾಖಲೆಗಳಲ್ಲಿ ಆ ತಂತಿ ಸಿಕ್ಕಿದೆ. ಮುಂದಿನ ತಿಂಗಳೇ ಮಾಸ್ಕೋದ 'ಲಿತೆರಾತೂರ್ನಾಯ ಗಜ್ಯೇತ' ಪತ್ರಿಕೆಯಲ್ಲಿ ದೊಡ್ಡ ಲೇಖನ ಬಂತು. ಅದಕ್ಕೆ ಆಧಾರ ಯಾವುದು ಗೊತ್ತಾ? ನಮ್ಮ ದೆಹಲಿಯ ಪತ್ರಿಕೆ! "ನಾವು ಹೇಳ್ತಿಲ್ಲಪ್ಪ, ಭಾರತದವರೇ ಬರೆದಿದ್ದಾರೆ ನೋಡಿ" ಅನ್ನುವ ಧಾಟಿ. 1986ರಲ್ಲಿ ಪೂರ್ವ ಜರ್ಮನಿಯ ಯಾಕೋಬ್ ಸೆಗಾಲ್ ಎಂಬ ನಿವೃತ್ತ ವಿಜ್ಞಾನಿ ಇದಕ್ಕೆ ವಿಜ್ಞಾನದ ಅಂಗಿ ತೊಡಿಸಿದರು. 1987ರ ಹೊತ್ತಿಗೆ ಈ ಕಥೆ 80ಕ್ಕೂ ಹೆಚ್ಚು ದೇಶಗಳಲ್ಲಿ, 30ಕ್ಕೂ ಹೆಚ್ಚು ಭಾಷೆಗಳಲ್ಲಿ ಓಡಾಡುತ್ತಿತ್ತು.

ಕಪ್ಪು ಹಣ ಬಿಳಿ ಮಾಡೋದು ಅಂತೀವಲ್ಲ, ಇದು ಥೇಟ್ ಅದೇ. ಮಾಸ್ಕೋ ಪತ್ರಿಕೆಯೇ ಮೊದಲು ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಯಾವ ಬಣಕ್ಕೂ ಸೇರದ ದೇಶದ ಪತ್ರಿಕೆಯ ಹೆಸರು ಬೇಕಿತ್ತು. ವಿದೇಶದ ಗುಟ್ಟಿನ ಹಣ ಅಂದಕೂಡಲೇ ನಾವು ಸಂಪಾದಕರನ್ನು ಕೊಂಡುಕೊಳ್ಳೋದು ಅಂತ ಯೋಚಿಸ್ತೀವಿ. ನನಗನ್ನಿಸೋದು, ಅವರಿಗೆ ಬೇಕಾಗಿದ್ದು ಸಂಪಾದಕರ ಲೇಖನಿಗಿಂತ ಹೆಚ್ಚಾಗಿ ಪತ್ರಿಕೆಯ ವಿಳಾಸ. ಆ ವಿಳಾಸದ ಮೇಲೆ ಓದುಗರು ಇಟ್ಟಿದ್ದ ನಂಬಿಕೆ.

ಹಣದ ಲೆಕ್ಕವೂ ಸ್ವಲ್ಪ ಸಿಕ್ಕಿದೆ. ಕೆಜಿಬಿಯ ದಾಖಲೆ ವಿಭಾಗದಲ್ಲಿದ್ದ ವಾಸಿಲಿ ಮಿತ್ರೋಖಿನ್ 1992ರಲ್ಲಿ ತಾನು ಕದ್ದು ಬರೆದಿಟ್ಟುಕೊಂಡ ಟಿಪ್ಪಣಿಗಳೊಂದಿಗೆ ಬ್ರಿಟನ್ ಸೇರಿದ. ಅವನ್ನು ಆಧರಿಸಿ 2005ರಲ್ಲಿ ಬಂದ ಪುಸ್ತಕದ ಪ್ರಕಾರ, 1973ರ ಹೊತ್ತಿಗೆ ಭಾರತದ 10 ಪತ್ರಿಕೆಗಳು ಕೆಜಿಬಿಯ ಸಂಬಳಪಟ್ಟಿಯಲ್ಲಿದ್ದವು. 1972ರ ಒಂದೇ ವರ್ಷದಲ್ಲಿ ಇಲ್ಲಿ ಬರೆಸಿದ ಲೇಖನಗಳು 3,789. ದಿನಕ್ಕೆ ಹತ್ತರ ಮೇಲಾಯಿತು! ಆ ಹತ್ತು ಪತ್ರಿಕೆಗಳ ಹೆಸರನ್ನು ಮಾತ್ರ ಕಾನೂನಿನ ಭಯದಿಂದ ಪುಸ್ತಕ ಹೇಳುವುದಿಲ್ಲ. ಇನ್ನೊಂದು ಮಾತು, ಇದು ಕೆಜಿಬಿ ತಾನೇ ಬರೆದುಕೊಂಡ ಲೆಕ್ಕ. ಮೇಲಿನವರನ್ನು ಮೆಚ್ಚಿಸಲು ಒಂದಕ್ಕೆರಡು ಬರೆಯುವ ಅಧಿಕಾರಿಗಳು ಎಲ್ಲ ದೇಶದಲ್ಲೂ ಇರ್ತಾರೆ :-)

ಅಮೆರಿಕದವರೇನು ಸಾಚಾ ಅಂದ್ಕೋಬೇಡಿ. 1953ರಲ್ಲಿ ಲಂಡನ್ನಿನಲ್ಲಿ ಶುರುವಾದ 'ಎನ್‌ಕೌಂಟರ್' ಅನ್ನುವ ಒಳ್ಳೆಯ ಸಾಹಿತ್ಯಿಕ ಮಾಸಿಕಕ್ಕೆ ಸಿಐಎ ಹಣ ಬರುತ್ತಿದ್ದುದು 1967ರಲ್ಲಿ ಬಯಲಾಯಿತು. ಕವಿ ಸ್ಟೀಫನ್ ಸ್ಪೆಂಡರ್ ರಾಜೀನಾಮೆ ಕೊಟ್ಟು ಹೊರನಡೆದರು. ಹಣ ಬಂದಿದ್ದು 'ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ' ಎಂಬ ಸಂಸ್ಥೆಯ ಮೂಲಕ. 1955ರಲ್ಲಿ ನಿಸ್ಸಿಮ್ ಎಜೆಕಿಯಲ್ ಸಂಪಾದಕತ್ವದಲ್ಲಿ ಮುಂಬಯಿಯಿಂದ ಹೊರಟ 'ಕ್ವೆಸ್ಟ್' ಕೂಡ ಅದೇ ಸಂಸ್ಥೆಯ ಕುಟುಂಬದ್ದು. ಅದರಲ್ಲಿ ಬರೆದವರು ಪ್ರಾಮಾಣಿಕವಾಗಿಯೇ ಬರೆದಿರಬಹುದು. ಆದರೂ ಗುಟ್ಟು ರಟ್ಟಾದ ಮೇಲೆ ಒಳ್ಳೆಯ ಬರಹವನ್ನೂ ಅನುಮಾನದಿಂದ ನೋಡುವ ಹಾಗಾಯಿತು.

ಏಡ್ಸ್ ಕಥೆಗೆ ಬರೋಣ. ಸೋವಿಯತ್ ಒಕ್ಕೂಟ ಮುಗಿದ ಮೇಲೆ, 1992ರಲ್ಲಿ, ರಷ್ಯಾದ ಗೂಢಚಾರ ಮುಖ್ಯಸ್ಥ ಪ್ರಿಮಕೋವ್ ಇದರಲ್ಲಿ ತಮ್ಮವರ ಕೈವಾಡ ಇತ್ತೆಂದು ಒಪ್ಪಿಕೊಂಡರು. ವೈರಸ್ ಮಧ್ಯ ಆಫ್ರಿಕಾದ ಚಿಂಪಾಂಜಿಗಳಿಂದ 20ನೇ ಶತಮಾನದ ಆರಂಭದಲ್ಲೇ ಮನುಷ್ಯರಿಗೆ ದಾಟಿತ್ತು ಅಂತ ವಿಜ್ಞಾನಿಗಳೂ ತೋರಿಸಿಕೊಟ್ಟರು. ಅಲ್ಲಿಗೆ ಮುಗೀತಾ? ಇಲ್ಲ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ ಕಪ್ಪು ಜನಾಂಗದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಎಚ್‌ಐವಿ ಮನುಷ್ಯ ನಿರ್ಮಿತ ಅಂದರು. ಇಂಥದ್ದನ್ನು ಬಲವಾಗಿ ನಂಬಿದ ಗಂಡಸರು ಕಾಂಡೋಮ್ ಬಳಸುವುದೂ ಕಡಿಮೆ ಇತ್ತು. ಎಲ್ಲ ತಪ್ಪನ್ನೂ ಕೆಜಿಬಿ ತಲೆಗೆ ಕಟ್ಟೋದು ಸರಿಯಲ್ಲ. ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಇದ್ದ ಕಪ್ಪು ಜನರಿಗೆ ಚಿಕಿತ್ಸೆ ಕೊಡದೆ ಸರ್ಕಾರವೇ ನೋಡುತ್ತಾ ಕೂತಿತ್ತು. ಅಂಥ ನಿಜವಾದ ಅನ್ಯಾಯ ಇದ್ದುದರಿಂದಲೇ ಸುಳ್ಳು ಅಷ್ಟು ಸಲೀಸಾಗಿ ಬೇರುಬಿಟ್ಟಿತು.

ಹಣ ಕೊಟ್ಟ ದೇಶವೇ ಇಲ್ಲವಾಯಿತು. ಪತ್ರ ಬರೆದ 'ಹೆಸರಾಂತ ವಿಜ್ಞಾನಿ' ಬೆಳಕಿಗೇ ಬರಲಿಲ್ಲ. ನಷ್ಟ ಆಗಿದ್ದು ಪತ್ರಿಕೆಯನ್ನೇ ನೋಡದ, ಎಲ್ಲೋ ದೂರದ ಊರಿನ ರೋಗಿಗೆ.

ನಾವು ಬ್ಲಾಗಿಗರು ಕೊಂಡಿ ಕೊಡೋದರಲ್ಲಿ ಎತ್ತಿದ ಕೈ. ಒಂದೇ ಸುದ್ದಿ ಹತ್ತು ಕಡೆ ಕಂಡರೆ ನಿಜವಿರಬೇಕು ಅಂದುಕೊಳ್ತೀವಿ. ಆ ಹತ್ತೂ ಕೊಂಡಿಗಳನ್ನು ಹಿಡಿದು ಹಿಂದೆ ಹೋದರೆ ಕೊನೆಗೆ ಸಿಗೋದು ಹೆಸರಿಲ್ಲದ ಒಂದೇ ಪತ್ರವಾಗಿದ್ದರೆ? ಇಂಥ ಬೇರೆ ಪ್ರಸಂಗಗಳು ನಿಮಗೆ ಗೊತ್ತಿದ್ದರೆ ಬರೆಯಿರಿ, ಓದೋಣ.