ಕಲ್ಯಾಣದ ಅರಸನ ಗಾಳ

ಬೀದರೆಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕೋಟೆ, ಗವಾನನ ಮದರಸಾ, ಬಹಮನಿ ಸುಲ್ತಾನರ ಗೋರಿಗಳು, ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿದ ಬಿದರಿ ಹೂಜಿ. ಮೀನು ಯಾರ ನೆನಪಿಗೂ ಬಾರದು. ಮೀನೆಂದರೆ ಮಂಗಳೂರು, ಮಲ್ಪೆ, ಕಾರವಾರ ಎಂದು ನಾವು ಶಾಲೆಯಲ್ಲಿಯೇ ಬಾಯಿಪಾಠ ಮಾಡಿದವರು. ಕಡಲಿನಿಂದ ನೂರಾರು ಮೈಲಿ ದೂರದ ಆ ಕೆಂಪು ಮಣ್ಣಿನ ದಿಬ್ಬಕ್ಕೂ ಮೀನಿಗೂ ಏನು ಸಂಬಂಧವೆಂದು ಕೇಳಿದರೆ ತಪ್ಪಿಲ್ಲ. ಆದರೆ ಗಾಳ ಹಾಕಿ ಮೀನು ಹಿಡಿಯುವ ವಿದ್ಯೆಯನ್ನು ಕುರಿತು ನಮ್ಮ ದೇಶದಲ್ಲಿ ಉಳಿದುಬಂದಿರುವ ಹಳೆಯ ಬರಹಗಳಲ್ಲಿ ಅತ್ಯಂತ ಗಮನಾರ್ಹವಾದುದು ಕಡಲ ತಡಿಯಲ್ಲಿ ಹುಟ್ಟಲಿಲ್ಲ. ಅದು ಹುಟ್ಟಿದ್ದು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಒಬ್ಬ ಅರಸನ ಲೇಖನಿಯಿಂದ.

ಆ ಅರಸನು ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನಂತಹ ಪ್ರತಾಪಿಯ ಮಗನಾಗಿ ಹುಟ್ಟುವುದು ಸುಖದ ಸಂಗತಿಯಲ್ಲ. ತಂದೆಯ ನೆರಳಿನಲ್ಲಿ ಮಗ ಸಣ್ಣವನಾಗಿ ಕಾಣುತ್ತಾನೆ. ಕ್ರಿ.ಶ. 1127ರ ಸುಮಾರಿಗೆ ಪಟ್ಟವೇರಿ 1138ರವರೆಗೆ ಆಳಿದ ಈತನನ್ನು ಯುದ್ಧಗಳಿಗಾಗಿ ಯಾರೂ ನೆನೆಯುವುದಿಲ್ಲ. ಭೂಲೋಕಮಲ್ಲನೆಂಬ ಬಿರುದಿಗಿಂತ ಸರ್ವಜ್ಞನೆಂಬ ಬಿರುದೇ ಅವನಿಗೆ ಹೆಚ್ಚು ಒಪ್ಪುತ್ತದೆ. ಅವನ ಹೆಸರನ್ನು ಉಳಿಸಿದ್ದು ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಮತ್ತೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು. ರಾಜ್ಯವನ್ನು ಪಡೆಯುವುದು ಹೇಗೆ, ಪಡೆದದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ತೊಡಗಿ ಅಡುಗೆ, ಸಂಗೀತ, ಚಿತ್ರಕಲೆ, ಆನೆ, ಕುದುರೆ, ಮಲ್ಲಯುದ್ಧಗಳವರೆಗೆ ಅದು ಮುಟ್ಟದ ವಿಷಯವಿಲ್ಲ. ಜ್ಯೋತಿಷದ ಲೆಕ್ಕಕ್ಕೆ ಆಧಾರವಾಗಿ ಶಕವರ್ಷ 1051, ಅಂದರೆ ಕ್ರಿ.ಶ. 1129, ಅದರಲ್ಲಿಯೇ ಬರುವುದರಿಂದ ಗ್ರಂಥದ ಕಾಲವನ್ನು ಕುರಿತು ದೊಡ್ಡ ಜಗಳವೂ ಇಲ್ಲ.

ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬುದೊಂದು ಅಧ್ಯಾಯ. ಹೆಸರನ್ನು ನೋಡಿ ರಾಜವೈಭವದ ವರ್ಣನೆಯಿರಬಹುದೆಂದು ಹೊಕ್ಕವನಿಗೆ ಅಲ್ಲಿ ಸಿಗುವುದು ಬೇರೆಯೇ ಪದಾರ್ಥ. ಸುಮಾರು 35 ಬಗೆಯ ಮೀನುಗಳನ್ನು ಅರಸನು ಹೆಸರಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು. ಮೈಮೇಲೆ ಪೊರೆಯುಳ್ಳವು ಯಾವುವು, ನುಣುಪು ಮೈಯವು ಯಾವುವು. ದೊಡ್ಡವು, ಸಣ್ಣವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ಮೇವು ರುಚಿಯೆಂದು ಹೇಳುತ್ತಾನೆ: ಕೆಲವಕ್ಕೆ ಹಿಂಡಿ ಹಿಟ್ಟುಗಳ ಉಂಡೆ, ಕೆಲವಕ್ಕೆ ಮಾಂಸ. ಮೀನು ಹಿಡಿಯುವುದಕ್ಕೆ ಮುಂಚೆ ಗೊತ್ತಾದ ಸ್ಥಳದಲ್ಲಿ ಮೇವು ಹಾಕಿ ಹಾಕಿ ಅವನ್ನು ರೂಢಿಗೆ ತರಬೇಕು; ಆಮೇಲೆ ಗಳು, ಹುರಿ, ಕೊಕ್ಕೆ. ಇಂದಿಗೂ ಕೆರೆಯ ದಂಡೆಯಲ್ಲಿ ಕುಳಿತ ಹುಡುಗ ಹಿಟ್ಟಿನ ಉಂಡೆಯನ್ನು ನೀರಿಗೆ ಎಸೆದು ಕಾಯುತ್ತಾನಲ್ಲ, ಅವನು ಸೋಮೇಶ್ವರನ ಹೆಸರನ್ನು ಕೇಳಿದವನಲ್ಲ. ಆದರೂ ಇಬ್ಬರ ವಿದ್ಯೆಯೂ ಒಂದೇ. ಹಿಡಿದದ್ದನ್ನು ಏನು ಮಾಡಬೇಕೆಂಬುದಕ್ಕೂ ಗ್ರಂಥದಲ್ಲಿ ಉತ್ತರವುಂಟು. ಅನ್ನಭೋಗದ ಅಧ್ಯಾಯದಲ್ಲಿ ಮೀನನ್ನು ತುಂಡು ಮಾಡಿ ಹುಣಿಸೆಯ ರಸದಲ್ಲಿ ಬೇಯಿಸಿ, ಗೋದಿಹಿಟ್ಟು ಉದುರಿಸಿ ಎಣ್ಣೆಯಲ್ಲಿ ಕರಿದು, ಸೈಂಧವ ಲವಣ, ಏಲಕ್ಕಿ, ಮೆಣಸಿನ ಪುಡಿ ಬೆರೆಸುವ ಕ್ರಮವಿದೆ. ಸಸ್ಯಾಹಾರಿಗಳಾದ ಓದುಗರು ಈ ವಾಕ್ಯವನ್ನು ದಾಟಿ ಮುಂದಕ್ಕೆ ಹೋಗಬಹುದು.

ಇಂಗ್ಲೀಷಿನಲ್ಲಿ ಗಾಳದ ಬೇಟೆಯನ್ನು ಕುರಿತ ಮೊದಲ ಅಚ್ಚಿನ ಪುಸ್ತಕ ಹೊರಬಂದದ್ದು 1496ರಲ್ಲಿ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಗ್ರಂಥ 1653ರದು. ನಮ್ಮ ಅರಸನು ಅವರಿಗಿಂತ ಮುನ್ನೂರೈವತ್ತು, ಐನೂರು ವರ್ಷ ಹಿಂದಿನವನು. ಇದರಿಂದ ಎದೆಯುಬ್ಬಿಸಿ ನಡೆಯಬೇಕೆಂದು ನಾನು ಹೇಳುತ್ತಿಲ್ಲ. ಯಾರು ಮೊದಲು ಗಾಳ ಹಾಕಿದರೆಂಬ ಪೈಪೋಟಿ ಮೀನಿಗೆ ಯಾವ ವ್ಯತ್ಯಾಸವನ್ನೂ ಮಾಡುವುದಿಲ್ಲ. ಮೋಜಿನ ಸಂಗತಿ ಬೇರೆ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತ 1873ರಲ್ಲಿ ಮಂಗಳೂರಿನಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಅಚ್ಚು ಹಾಕಿಸಿದ. ಭಾರತದಲ್ಲಿ ಗಾಳದ ಬೇಟೆಗೆ ಅದೇ ಮೂಲಗ್ರಂಥವೆಂದು ಬಹಳ ಕಾಲ ಬಿಳಿಯ ಅಧಿಕಾರಿಗಳು ಕೈಯಲ್ಲಿ ಹಿಡಿದು ತಿರುಗಿದರು. ಅದೇ ಕನ್ನಡ ನಾಡಿನ ಮತ್ತೊಂದು ಮೂಲೆಯಲ್ಲಿ ಏಳೂವರೆ ಶತಮಾನ ಮೊದಲೇ ಅಂತಹುದೊಂದು ಬರಹ ಹುಟ್ಟಿತ್ತೆಂಬುದು ಪಾಪ, ಆತನಿಗೆ ತಿಳಿಯುವ ಬಗೆಯೇ ಇರಲಿಲ್ಲ. ತಾಳೆಗರಿಯಿಂದ ಅದು ಅಚ್ಚಿನ ಮನೆಗೆ ಬಂದದ್ದೇ ಇಪ್ಪತ್ತನೆಯ ಶತಮಾನದಲ್ಲಿ. ಬರೋಡೆಯ ಗಾಯಕವಾಡ ಮಾಲೆಯಲ್ಲಿ ಶ್ರೀಗೊಂಡೇಕರರು ಸಂಪಾದಿಸಿದ ಮೊದಲ ಸಂಪುಟ 1925ರಲ್ಲಿಯೂ ಎರಡನೆಯದು 1939ರಲ್ಲಿಯೂ ಹೊರಬಂದವು. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ‘ಅಭಿಲಷಿತಾರ್ಥ ಚಿಂತಾಮಣಿ’ಯ ಮೊದಲ ಭಾಗವನ್ನು 1926ರಲ್ಲಿ ಪ್ರಕಟಿಸಿದರು. 1951ರಲ್ಲಿ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಮತ್ಸ್ಯವಿನೋದವನ್ನು ವಿವರಿಸಿ, ಅರಸನ ಹೆಸರುಗಳಿಗೂ ಇಂದಿನ ಶಾಸ್ತ್ರದ ಹೆಸರುಗಳಿಗೂ ಗಂಟು ಹಾಕಲು ಯತ್ನಿಸಿದರು. ಸಂಸ್ಕೃತ ಪಂಡಿತರಿಗೆ ಮೀನು ತಿಳಿಯದು, ಮೀನಿನ ಪಂಡಿತರಿಗೆ ಸಂಸ್ಕೃತ ತಿಳಿಯದು. ಇಬ್ಬರ ನಡುವೆ ಎಂಟು ನೂರು ವರ್ಷ ಮುಚ್ಚಿಹೋಗಿದ್ದ ಅಧ್ಯಾಯ ಹೀಗೆ ಬೆಳಕಿಗೆ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಅರಸನಿಗೆ ಇದನ್ನೆಲ್ಲ ಕಲಿಸಿದವರು ಯಾರು? ಯಾವ ಮೀನು ಯಾವ ಮೇವಿಗೆ ಒಲಿಯುತ್ತದೆಂಬುದು ಸಿಂಹಾಸನದ ಮೇಲೆ ಕುಳಿತವನಿಗೆ ಹೊಳೆಯುವ ಮಾತಲ್ಲ. ಅದು ಹತ್ತಾರು ತಲೆಮಾರು ನೀರಿನ ಮೇಲೆ ಬದುಕಿದವರ ಅನುಭವ. ಸೋಮೇಶ್ವರನ ಪುಸ್ತಕಕ್ಕೆ ಮೀನಿನ ಹೆಸರು ಗೊತ್ತು. ಬೆಸ್ತನ ಹೆಸರು ಗೊತ್ತಿಲ್ಲ.

ರಾಜನ ಪುಸ್ತಕಗಳಲ್ಲಿ ಬೆಸ್ತ ಕಾಣಿಸಿಕೊಳ್ಳುವುದೇ ಇಲ್ಲವೆಂದಲ್ಲ. ಇದೇ ಶಾಮಶಾಸ್ತ್ರಿಗಳು 1909ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ದೋಣಿಯಲ್ಲಿ ಮೀನು ಹಿಡಿಯುವವರು ದೋಣಿಯ ಬಾಡಿಗೆಯಾಗಿ ಹಿಡಿದದ್ದರ ಆರನೆಯ ಒಂದು ಪಾಲನ್ನು ಕೊಡಬೇಕೆಂದು ಅಲ್ಲಿ ವಿಧಿ. ತೆರಿಗೆಯ ಲೆಕ್ಕದಲ್ಲಿ ಬೆಸ್ತನಿಗೆ ತಪ್ಪದೆ ಜಾಗ ಸಿಗುತ್ತದೆ. ವಿದ್ಯೆಯ ಲೆಕ್ಕದಲ್ಲಿ ಸಿಗುವುದಿಲ್ಲ.

ಸೋಮೇಶ್ವರ ತೀರಿಕೊಂಡು ಇನ್ನೂ ಮೂವತ್ತು ವರ್ಷ ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ವಿಚಿತ್ರವೊಂದು ನಡೆಯಿತು. ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ಅಂಬಿಗರ ಚೌಡಯ್ಯನೊಬ್ಬ. ತುಂಗಭದ್ರೆಯ ದಡದ ಚೌಡದಾನಪುರದವನೆಂದು ಪ್ರತೀತಿ. ಕಸುಬು ದೋಣಿ ನಡೆಸುವುದು. ಮಿಕ್ಕ ವಚನಕಾರರು ತಮ್ಮ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡರೆ, ಈತ ತನ್ನ ಹೆಸರನ್ನೇ, ಕಸುಬಿನ ಸಮೇತ, ವಚನದ ಕೊನೆಗೆ ಇಟ್ಟ. ಇದನ್ನು ಒರಟುತನವೆಂದವರುಂಟು, ಅಹಂಕಾರವೆಂದವರೂ ಉಂಟು. ನನಗೆ ಹಾಗೆ ತೋರುವುದಿಲ್ಲ. ಅರಸನ ಗ್ರಂಥದಲ್ಲಿ ಬಿಟ್ಟುಹೋದ ಸಹಿಯನ್ನು ನೀರಿನ ಮೇಲಣ ಬದುಕಿನವನೊಬ್ಬ ತಾನೇ ಹಾಕಿದ ಹಾಗಿದೆ. ಅಂಬಿಗನೆಂದರೆ ಜನರನ್ನು ದಾಟಿಸುವವನು, ಮೀನು ಹಿಡಿಯುವವನೇ ಆಗಬೇಕಿಲ್ಲ, ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ ಹೊಳೆಯ ಆಳ, ಸೆಳವು, ಸುಳಿಗಳನ್ನು ಬಲ್ಲ ಕುಲಗಳು ಇವೆರಡನ್ನೂ ಮಾಡಿಕೊಂಡು ಬಂದವು. ಅಂಬಿಗ, ಕಬ್ಬಲಿಗ, ಕೋಲಿ, ಗಂಗಾಮತ, ಭೋಯಿ ಎಂದು ಈ ಭಾಗದಲ್ಲಿ ಅವರಿಗೆ ಹಲವು ಹೆಸರು.

ಅವರ ಹೊಳೆ ಮಾಂಜ್ರಾ. ಕರ್ನಾಟಕದ ಮಿಕ್ಕ ನೀರಿನ ಬಹುಪಾಲು ಕೃಷ್ಣೆಯತ್ತಲೋ ಕಾವೇರಿಯತ್ತಲೋ ಪಡುಗಡಲಿನತ್ತಲೋ ಹರಿದರೆ, ಬೀದರದ ನೀರಿನ ಬಹುಭಾಗ ಗೋದಾವರಿಗೆ ಸಲ್ಲುತ್ತದೆ. ಮಹಾರಾಷ್ಟ್ರದ ಬೀಡ ಜಿಲ್ಲೆಯ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಲಾತೂರನ್ನು ದಾಟಿ, ಭಾಲ್ಕಿ, ಔರಾದ, ಬೀದರ ತಾಲ್ಲೂಕುಗಳ ನೆಲದಲ್ಲಿ ಹಾದು, ತೆಲಂಗಾಣಕ್ಕೆ ಹೋದ ಮೇಲೆ ಏನೋ ಮರೆತವಳಂತೆ ಬಡಗಣಕ್ಕೆ ತಿರುಗಿ ಗೋದಾವರಿಯನ್ನು ಸೇರುವ ನದಿ ಇದು. ಮಳೆಗಾಲದಲ್ಲಿ ಕೆಂಪಾಗಿ ದಡ ಮೀರುವ ಹೊಳೆ, ಬೇಸಗೆಗೆ ಮಡುಗಳ ಸಾಲಾಗಿ ಒಡೆದುಹೋಗುತ್ತದೆ. ಮೀನು ಆ ಮಡುಗಳಲ್ಲಿ ಪ್ರಾಣ ಉಳಿಸಿಕೊಂಡಿದ್ದು ಹೊಸ ನೀರು ಬಂದಾಗ ಎದುರೇರುತ್ತದೆ. ಬಡಪಾಯಿ ಮಡುವನ್ನು ಬೇಸಗೆಯಲ್ಲಿ ಬರಿದು ಮಾಡಿದವನಿಗೆ ಮುಂದಿನ ವರ್ಷ ಮೀನಿಲ್ಲ. ಇದನ್ನು ತಿಳಿಯಲು ಪುಸ್ತಕ ಬೇಕಿಲ್ಲ.

ನಮ್ಮ ಒಳನಾಡಿನ ಹೊಳೆಗಳಿಗೆ ತಕ್ಕ ದೋಣಿಯೆಂದರೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ತೊಗಲು ಹೊದಿಸಿದ ಈ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಕೂಡುವುದನ್ನೂ, ಬೇಕಾದರೆ ಎತ್ತು ಕುದುರೆಗಳೇ ದಾಟುವುದನ್ನೂ ಕಂಡು ಬರೆದಿಟ್ಟಿದ್ದಾನೆ. ತೊಗಲಿನ ಜಾಗಕ್ಕೆ ಡಾಂಬರು ಬಳಿದ ಬಟ್ಟೆ, ಪ್ಲಾಸ್ಟಿಕ್ಕು, ಫೈಬರು ಬಂದವು. ದಖ್ಖನಿನ ಜಲಾಶಯಗಳಲ್ಲಿ ಲಾರಿಯ ಟ್ಯೂಬು, ಥರ್ಮೊಕೋಲಿನ ತೆಪ್ಪಗಳೂ ಬಂದವು.

ಮೀನಿನ ಹೆಸರುಗಳ ವಿಷಯದಲ್ಲಿ ಬೀದರ ಒಂದು ಸಂತೆ. ಕನ್ನಡ, ಮರಾಠಿ, ತೆಲುಗು, ದಖ್ಖನಿ ಉರ್ದು ನಾಲ್ಕೂ ಕೂಡುವ ನೆಲವಾದುದರಿಂದ ಕನ್ನಡದ ಕೊರವ ಮೀನೇ ಮರಾಠಿಯಲ್ಲಿ ಮರಳ, ತೆಲುಗಿನಲ್ಲಿ ಕೊರ್ರಮೀನು. ಸಂಸ್ಕೃತದ ಪಾಠೀನ, ಹೋರಾ ಅವರ ಪ್ರಕಾರ, ನಮ್ಮ ಬಾಳೆಮೀನು: ಪೊರೆಯಿಲ್ಲದ ಮೈ, ಅಗಲವಾದ ಬಾಯಿ, ಸಣ್ಣ ಮೀನುಗಳನ್ನು ಗುಳುಂ ಮಾಡುವ ಪಾಳೆಯಗಾರ. ಶಾಸ್ತ್ರದಲ್ಲಿ ಇದರ ಹೆಸರು ‘ವಾಲಗೋ ಅಟ್ಟು’. ಮೊದಲ ಮಾತು ಲ್ಯಾಟಿನ್ನಿನಂತೆ ಕಂಡರೂ ತೆಲುಗು ಬೆಸ್ತರ ಬಾಯಿಂದ ಎತ್ತಿಕೊಂಡದ್ದು.

ಹೊಳೆಯ ಕಥೆ ಬದಲಾದದ್ದು ಅಣೆಕಟ್ಟುಗಳಿಂದ. ಬೀದರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗಲೇ, 1923ರಿಂದ 1931ರವರೆಗೆ, ಕೆಳಗೆ ಮಾಂಜ್ರಾಕ್ಕೆ ಅಡ್ಡಲಾಗಿ ನಿಜಾಮಸಾಗರ ಎದ್ದಿತು. ಗೋದಾವರಿಯಿಂದ ಮೇಲೇರುವ ಮೀನಿಗೆ ಅಲ್ಲಿಯೇ ಗೋಡೆ. 1940ರ ದಶಕದಲ್ಲಿ ಸಂಸ್ಥಾನದ ಮೀನುಗಳ ಸಮೀಕ್ಷೆ ನಡೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ರಹೀಮುಲ್ಲಾ ಮೊದಲಾದವರ ಲೇಖನಗಳು ಬಂದವು. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷ, 1957ರ ಜುಲೈ 10ರಂದು, ದೂರದ ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿಯವರು ಗೆಂಡೆಮೀನುಗಳಿಗೆ ಗ್ರಂಥಿರಸದ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸಿದರು. ನದಿಯಲ್ಲಿ ಮರಿ ಹಿಡಿದು ತರುವ ಕಾಲ ಅಲ್ಲಿಗೆ ಮುಗಿಯುತ್ತ ಬಂತು; ಕಾಟ್ಲಾ, ರೋಹು, ಮೃಗಾಲ್ ಮರಿಗಳು ದೇಶದ ಕೆರೆಕೆರೆಗೂ ಹೊರಟವು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಹತ್ತಿರ ಕಾರಂಜಾ ಹೊಳೆಗೆ ಕಟ್ಟಿದ ಜಲಾಶಯ ಸುಮಾರು 7.7 ಟಿ.ಎಂ.ಸಿ. ನೀರು ಹಿಡಿಯಬಲ್ಲದು. ನೆಲ ಕಳೆದುಕೊಂಡವರ ಪರಿಹಾರದ ಕೂಗು ದಶಕಗಳ ಕಾಲ ನಿಲ್ಲಲಿಲ್ಲವಾದರೂ, ಬೀದರ ನಾಡಿಗೆ ದೋಣಿ ತೇಲಿಸುವಷ್ಟು ನಿಂತ ನೀರು ಬಂತೆಂಬುದೂ ನಿಜವೇ. ಆದರೆ ನಿಂತ ನೀರಿಗೆ ಯಜಮಾನನೊಬ್ಬ ಬೇಕು. ಹರಿಯುವ ಹೊಳೆಯಲ್ಲಿ ರೂಢಿಯೇ ಹಕ್ಕಾಗಿತ್ತು. ಕೆರೆ, ಜಲಾಶಯಗಳಿಗೆ ಟೆಂಡರು, ಗುತ್ತಿಗೆ, ಪರವಾನಗಿಗಳು ಬಂದವು. ಸಹಕಾರ ಸಂಘ ಕಟ್ಟಿಕೊಂಡು ಕಾಗದ ಓದಬಲ್ಲವನು ಉಳಿದ. ಬರಿಯ ನೀರನ್ನು ಓದಬಲ್ಲವನು ಇನ್ನೊಬ್ಬರ ದೋಣಿಗೆ ಕೂಲಿಯಾದ.

ಇಂತಹ ಕಾಗದದ ಜಗಳ ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ಮಹಾಸರೋವರಗಳ ಸುತ್ತ ಒಜಿಬ್ವೆ ಎಂಬ ಮೂಲನಿವಾಸಿಗಳು ಭೂರ್ಜದ ತೊಗಟೆಯ ದೋಣಿಗಳಲ್ಲಿ, ಒಬ್ಬ ಹಿಂದೆ ನಿಂತು ದೋಣಿ ಹಿಡಿದರೆ ಇನ್ನೊಬ್ಬ ಮುಂದೆ ನಿಂತು, ಕೊರಕಲು ನೀರಿನಲ್ಲಿ ವೈಟ್‌ಫಿಶ್ ಮೀನನ್ನು ಗೋರಿಬಲೆಯಿಂದ ಎತ್ತುತ್ತಿದ್ದರು. ವಸಂತದ ರಾತ್ರಿಗಳಲ್ಲಿ ದೀವಟಿಗೆಯ ಬೆಳಕಿನಲ್ಲಿ ವಾಲೈ ಮೀನನ್ನು ಈಟಿಯಿಂದ ಹೊಡೆಯುತ್ತಿದ್ದರು. 1837 ಮತ್ತು 1842ರ ಒಪ್ಪಂದಗಳಲ್ಲಿ ಅವರು ನೆಲವನ್ನು ಬಿಟ್ಟುಕೊಟ್ಟರೂ ಮೀನಿನ ಹಕ್ಕನ್ನು ಬರೆಸಿಕೊಂಡಿದ್ದರು. 1983ರಲ್ಲಿ ನ್ಯಾಯಾಲಯ ಆ ಹಕ್ಕನ್ನು ಎತ್ತಿಹಿಡಿದಾಗ ವಿಸ್ಕಾನ್ಸಿನ್ನಿನಲ್ಲಿ ದೋಣಿ ಇಳಿಸುವ ದಡಗಳಲ್ಲಿ ಜನ ನೆರೆದು ಬೈದರು, ಕಲ್ಲೆಸೆದರು. ಒಜಿಬ್ವೆಗಳು ದೋಣಿ ಇಳಿಸಿಯೇ ತೀರಿದರು. ಅವರ ಕೈಯಲ್ಲಿ ಹಳೆಯ ಹಾಳೆಯೊಂದಿತ್ತು. ಮಾಂಜ್ರಾ ದಡದವರಿಗೆ ಯಾವ ಅರಸನೂ ಅಂತಹ ಹಾಳೆಯನ್ನು ಬರೆದುಕೊಡಲಿಲ್ಲ. ಬರೆಯಬಲ್ಲವನಾಗಿದ್ದ ಒಬ್ಬನು ಬರೆದದ್ದು ತನ್ನ ವಿನೋದವನ್ನು.

2004ರ ಕಾಯಿದೆಯ ಮೇರೆಗೆ ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯ ಬೀದರದಲ್ಲಿ ಸ್ಥಾಪನೆಯಾಯಿತು. ಅದರ ಹಳೆಯ ಮೀನುಗಾರಿಕೆ ಕಾಲೇಜು, 1969ರದು, ಇರುವುದು ಮಂಗಳೂರಿನಲ್ಲಿ. ಮೀನಿನ ಪದವಿಗೆ ಮುದ್ರೆ ಬೀಳುವುದು ಬೀದರದಲ್ಲಿ ಎಂದರೆ ನಗುವವರಿದ್ದಾರೆ. ಸೋಮೇಶ್ವರನನ್ನು ಬಲ್ಲವರು ನಗಲಾರರು. 2016ರ ಬರದಲ್ಲಿ ಮೇಲಣ ಮಾಂಜ್ರಾ ಜಲಾಶಯ ಬತ್ತಿ, ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಿದ್ದನ್ನು ಓದುಗರು ಮರೆತಿರಲಾರರು. ಪತ್ರಿಕೆಗಳಲ್ಲಿ ರೈಲಿನ ಚಿತ್ರ ಬಂತು. ಅಂತಹ ವರ್ಷಗಳಲ್ಲಿ ದಡದ ಮೇಲೆ ಬೋರಲು ಹಾಕಿದ ಹರಿಗೋಲುಗಳ ಚಿತ್ರ ತೆಗೆಯುವವರು ಕಡಮೆ.

ಪ್ರತಿವರ್ಷ ಜನವರಿ 21ರಂದು ಅಂಬಿಗರ ಚೌಡಯ್ಯನ ಜಯಂತಿ. ನಾಡಿನ ಊರೂರುಗಳಲ್ಲಿ ಅವನ ಚಿತ್ರದ ಮೆರವಣಿಗೆ ಹೊರಡುತ್ತದೆ. ಚಿತ್ರದಲ್ಲಿ ಅವನ ಕೈಯಲ್ಲಿರುವುದು ಓಲೆಗರಿಯಲ್ಲ, ಹುಟ್ಟು.