ಬಳ್ಳಾರಿಯ ಸೀಮಾವಿಚಾರ

ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರಪದಗಳನ್ನು ಹದಿನೆಂಟಾಗಿ ಎಣಿಸಿ, ಅವುಗಳಲ್ಲಿ ಸೀಮಾವಿವಾದಕ್ಕೂ ಒಂದು ಸ್ಥಾನವನ್ನು ಕೊಟ್ಟಿರುವರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಈ ವಿಷಯವು ಸಾಕಷ್ಟು ವಿಸ್ತಾರವಾಗಿಯೇ ಬಂದಿದೆ. ಎರಡು ಗ್ರಾಮಗಳಿಗೆ ಎಲ್ಲೆಯ ವಿಷಯದಲ್ಲಿ ಜಗಳವುಂಟಾದರೆ, ಗುರುತುಗಳು ಸ್ಪಷ್ಟವಾಗಿ ಕಾಣುವ ಜ್ಯೇಷ್ಠಮಾಸದಲ್ಲಿ ಅದನ್ನು ನಿರ್ಣಯಿಸಬೇಕು. ಆಲ, ಅರಳಿ, ಮುತ್ತುಗ ಮೊದಲಾದ ಮರಗಳನ್ನೂ, ಕೆರೆ ಬಾವಿಗಳನ್ನೂ ಗಡಿಯಲ್ಲಿ ನಿಲ್ಲಿಸಬೇಕು. ಮನುಷ್ಯರಿಗೆ ಎಲ್ಲೆಯ ವಿಷಯದಲ್ಲಿ ಸದಾ ಭ್ರಾಂತಿಯುಂಟಾಗುವುದರಿಂದ ಕಲ್ಲು, ಮೂಳೆ, ಹೊಟ್ಟು, ಬೂದಿ, ಇದ್ದಲು ಇವೇ ಮುಂತಾದವನ್ನು ಗುಪ್ತಚಿಹ್ನೆಗಳಾಗಿ ನೆಲದಲ್ಲಿ ಹೂಳಿಡಬೇಕು. ಗುರುತುಗಳಿಂದ ಸಂದೇಹವು ತೀರದಿದ್ದರೆ ಸಾಕ್ಷಿಗಳನ್ನು ಕೇಳಬೇಕು. ಆ ಸಾಕ್ಷಿಗಳಾದರೂ ತಲೆಯ ಮೇಲೆ ಮಣ್ಣನ್ನು ಹೊತ್ತು, ಕೆಂಪು ವಸ್ತ್ರವನ್ನುಟ್ಟು, ತಮ್ಮ ತಮ್ಮ ಸುಕೃತದ ಮೇಲೆ ಆಣೆಯಿಟ್ಟು ನುಡಿಯಬೇಕು. ನೆರೆಯ ಗ್ರಾಮದವರೂ ದೊರೆಯದಿದ್ದಲ್ಲಿ ಬೇಡರು, ದನಗಾಹಿಗಳು, ಬೆಸ್ತರು, ಗೆಡ್ಡೆಗೆಣಸು ಅಗೆಯುವವರು ಇಂಥವರನ್ನಾದರೂ ಕೇಳತಕ್ಕದ್ದು.

ಈ ವಿಧಿಯಲ್ಲಿ ಎರಡು ತತ್ತ್ವಗಳು ಅಡಗಿವೆ. ಮೊದಲನೆಯದು, ಗಡಿಯೆಂಬುದು ತಾನಾಗಿಯೇ ಇರುವ ವಸ್ತುವಲ್ಲ, ಮನುಷ್ಯನು ನೆಟ್ಟು ಕಾಪಾಡಿಕೊಂಡು ಬರಬೇಕಾದ ವಸ್ತು ಎಂಬುದು. ಎರಡನೆಯದು, ಗಡಿಯನ್ನು ಬಲ್ಲವನು ದೂರದ ಅರಸನಲ್ಲ, ಆ ನೆಲದ ಮೇಲೆ ನಡೆದಾಡುವವನು ಎಂಬುದು. 'ಸಾಮಂತ' ಶಬ್ದಕ್ಕೆ ನೆರೆಯವನೆಂದೇ ಮೊದಲ ಅರ್ಥ. ಅಧೀನ ಅರಸನೆಂಬ ಅರ್ಥವು ಅನಂತರ ಬಂದುದು. ನಮ್ಮ ನಾಡಿನಲ್ಲಿ ದೇವಾಲಯಗಳಿಗೆ ಬಿಟ್ಟ ದತ್ತಿಭೂಮಿಯ ಮೇರೆಗಳಲ್ಲಿ ನಿಲ್ಲಿಸಿದ ಲಿಂಗಮುದ್ರೆಯ ಕಲ್ಲುಗಳೂ ವಾಮನಮುದ್ರೆಯ ಕಲ್ಲುಗಳೂ ಇದೇ ಸಂಪ್ರದಾಯದ ಕುರುಹುಗಳಾಗಿವೆ.

ಈಚೆಗೆ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ತರಗತಿಗಳಲ್ಲಿ ಗಡಿ, ಜನರ ಅಸ್ಮಿತೆ, ಆಡಳಿತ ಈ ಮೂರನ್ನೂ ಜೊತೆಗೂಡಿಸಿ ಒಂದೇ ಶಾಸ್ತ್ರವಾಗಿ ಅಭ್ಯಾಸ ಮಾಡುವ ಪದ್ಧತಿಯು ಬಂದಿದೆ. ಅಂಥ ವಿದ್ಯಾರ್ಥಿಗಳು ಯೂರೋಪು ಖಂಡದ ಉದಾಹರಣೆಗಳನ್ನು ಓದುವುದು ಯುಕ್ತವೇ. ಆದರೆ ಈ ಮೂರು ವಿಷಯಗಳೂ ಒಂದೇ ಜಿಲ್ಲೆಯಲ್ಲಿ ಕಲೆತು ನಿಂತಿರುವುದನ್ನು ನೋಡಬೇಕಾದರೆ ಬಳ್ಳಾರಿಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ. ಆ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ೧೭೯೨ರ ಮತ್ತು ೧೭೯೯ರ ಒಪ್ಪಂದಗಳಿಂದ ನಿಜಾಮನಿಗೆ ಬಂದಿದ್ದ ಸೀಮೆಯು ಅವನ ಕೈಯಲ್ಲಿ ಬಹುಕಾಲ ನಿಲ್ಲಲಿಲ್ಲ. ತನ್ನ ರಕ್ಷಣೆಗಾಗಿ ಇಟ್ಟುಕೊಂಡ ಕುಂಪಣಿಯ ದಂಡಿನ ವೆಚ್ಚಕ್ಕೆ ಪ್ರತಿಯಾಗಿ ೧೮೦೦ರ ಅಕ್ಟೋಬರಿನಲ್ಲಿ ಅವನು ತುಂಗಭದ್ರೆಯ ದಕ್ಷಿಣದ ಪ್ರದೇಶವನ್ನು ಕುಂಪಣಿಗೆ ಬಿಟ್ಟುಕೊಟ್ಟನು. ಹೀಗೆ ದತ್ತವಾಗಿ ಬಂದುದರಿಂದ ಈ ಸೀಮೆಗೆ ದತ್ತಮಂಡಲವೆಂಬ ಹೆಸರಾಯಿತು. ಇಲ್ಲಿಯ ಜನರ ನುಡಿ ಯಾವುದು, ಅವರ ನೆಂಟಸ್ತಿಕೆ ಯಾವ ಕಡೆಗೆ, ಅವರ ಸಂತೆ ಎಲ್ಲಿ ಕೂಡುವುದು ಎಂಬ ಪ್ರಶ್ನೆಯನ್ನು ಆ ಒಪ್ಪಂದವನ್ನು ಬರೆದವರು ಕೇಳಲಿಲ್ಲ. ಸೈನ್ಯದ ಸಂಬಳಕ್ಕೆ ಎಷ್ಟು ಕಂದಾಯ ಬೇಕೆಂಬುದೊಂದೇ ಅವರ ಲೆಕ್ಕ. ಬಳ್ಳಾರಿಯ ಗಡಿಯು ಹುಟ್ಟಿದ್ದು ಜಮಾಖರ್ಚಿನ ಪುಸ್ತಕದಲ್ಲಿ ಎಂದರೆ ತಪ್ಪಾಗಲಾರದು.

ದತ್ತಮಂಡಲಕ್ಕೆ ಮುಖ್ಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋವು ೧೮೦೭ರವರೆಗೆ ಇಲ್ಲಿದ್ದು, ಹೊಲಹೊಲವನ್ನೂ ಅಳೆಯಿಸಿ, ರೈತನಿಂದ ನೇರವಾಗಿ ಕಂದಾಯವನ್ನು ಪಡೆಯುವ ರೈತವಾರಿ ಪದ್ಧತಿಯನ್ನು ಬೇರೂರಿಸಿದನು. ೧೮೦೮ರಲ್ಲಿ ಈ ಸೀಮೆಯು ಬಳ್ಳಾರಿ, ಕಡಪ ಎಂಬ ಎರಡು ಜಿಲ್ಲೆಗಳಾಯಿತು. ೧೮೮೨ರಲ್ಲಿ ಬಳ್ಳಾರಿಯಿಂದ ಅನಂತಪುರವು ಬೇರೆಯಾಯಿತು. ಮರಾಠಾ ಘೋರ್ಪಡೆ ವಂಶದವರ ಸಂಡೂರು ಸಂಸ್ಥಾನವು ಮಾತ್ರ ಜಿಲ್ಲೆಯ ನಡುವೆ ಪ್ರತ್ಯೇಕವಾಗಿ ಉಳಿದು, ೧೯೪೯ರಲ್ಲಿ ಮದರಾಸು ಪ್ರಾಂತಕ್ಕೆ ಸೇರಿತು. ಒಂದೂವರೆ ಶತಮಾನ ಕಾಲ ಇಲ್ಲಿಯ ಕನ್ನಡಿಗನು ಮೇಲ್ಮನವಿಗಾಗಿ ಮದರಾಸಿನ ಕಡೆಗೆ ನೋಡಬೇಕಾಗಿದ್ದಿತು. ತುಂಗಭದ್ರೆಯ ಆಚೆಯ ದಡದಲ್ಲಿ ತನ್ನದೇ ಮಾತನ್ನಾಡುವ ರಾಯಚೂರು ಸೀಮೆಯವನು ನಿಜಾಮನ ಪ್ರಜೆ. ದಕ್ಷಿಣದ ಚಿತ್ರದುರ್ಗದವನು ಮೈಸೂರಿನ ಪ್ರಜೆ. ಪಶ್ಚಿಮದ ಧಾರವಾಡದವನು ಮುಂಬಯಿಯ ಪ್ರಜೆ.

ಇಷ್ಟಾದರೂ ಬಳ್ಳಾರಿಯ ಪಟ್ಟಣವು ಒಂದೇ ನುಡಿಯ ಊರಾಗಿರಲಿಲ್ಲವೆಂಬುದನ್ನು ಮರೆಯಬಾರದು. ಕನ್ನಡ, ತೆಲುಗು, ಉರ್ದು ಮೂರೂ ಅಲ್ಲಿಯ ಬೀದಿಗಳಲ್ಲಿ ಸಮಾನವಾಗಿ ಕೇಳಿಬರುತ್ತಿದ್ದುವು. ತೆಲುಗು ನಾಟಕಸಾಹಿತ್ಯದ ಆದ್ಯರಲ್ಲಿ ಗಣ್ಯರಾದ ಧರ್ಮವರಂ ರಾಮಕೃಷ್ಣಮಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ಕೆಲಸಮಾಡಿದುದು ಬಳ್ಳಾರಿಯಲ್ಲಿಯೇ. ೧೯೪೬ರಲ್ಲಿ ತೀರಿಕೊಂಡ ಪ್ರಸಿದ್ಧ ನಟರಾದ ಬಳ್ಳಾರಿ ರಾಘವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ರಂಗವೇರಿದವರು. ಅದೇ ಊರಿನಲ್ಲಿ ೧೯೨೬ರಲ್ಲಿ ಫ. ಗು. ಹಳಕಟ್ಟಿಯವರ ಅಧ್ಯಕ್ಷತೆಯಲ್ಲಿಯೂ, ೧೯೩೮ರಲ್ಲಿ ರಂಗನಾಥ ದಿವಾಕರರ ಅಧ್ಯಕ್ಷತೆಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಲನಗಳು ನಡೆದುವು. ಎರಡು ಭಾಷೆಗಳೂ ಒಂದೇ ಊರನ್ನು ತಮ್ಮ ಮನೆಯೆಂದು ಭಾವಿಸಿದ್ದುವು. ಆಡಳಿತವು ಎರಡಕ್ಕೂ ಪರಕೀಯವಾಗಿದ್ದಾಗ ಇದರಿಂದ ತೊಂದರೆಯಾಗಲಿಲ್ಲ. ಭಾಷೆಯೇ ಆಡಳಿತಕ್ಕೆ ಆಧಾರವಾಗುವ ಕಾಲವು ಬಂದಾಗ ಕಷ್ಟವು ತಲೆದೋರಿತು.

೧೯೨೦ರ ನಾಗಪುರ ಕಾಂಗ್ರೆಸ್ಸು ಭಾಷಾನುಸಾರವಾದ ಪ್ರಾಂತಿಕ ಸಮಿತಿಗಳನ್ನು ಒಪ್ಪಿಕೊಂಡಿತು. ಆಲೂರು ವೆಂಕಟರಾಯರ 'ಕರ್ಣಾಟಕ ಗತವೈಭವ'ವು ಅದಕ್ಕೆ ಮುಂಚೆ ೧೯೧೭ರಲ್ಲಿಯೇ ಹೊರಬಂದು ಕನ್ನಡಿಗರಲ್ಲಿ ಏಕತೆಯ ಭಾವವನ್ನು ಎಬ್ಬಿಸಿದ್ದಿತು. ಬಳ್ಳಾರಿಯು ಯಾರದೆಂಬ ಪ್ರಶ್ನೆಯು ಆಗಲೇ ಕರ್ನಾಟಕ ಆಂಧ್ರ ಸಮಿತಿಗಳ ನಡುವೆ ಎದ್ದಿತು. ಆದರೆ ಅದು ತುರ್ತಾದ ರಾಜಕಾರಣವಾದುದು ೧೯೫೨ರ ಡಿಸೆಂಬರ್ ೧೫ರಂದು, ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ದೇಹವನ್ನು ಬಿಟ್ಟ ಮೇಲೆ. ಆಂಧ್ರ ರಾಜ್ಯವನ್ನು ರಚಿಸುವುದೆಂದು ನಿಶ್ಚಯವಾದೊಡನೆ ಬಳ್ಳಾರಿ ಜಿಲ್ಲೆಯ ಹತ್ತು ತಾಲ್ಲೂಕುಗಳನ್ನು ಹಂಚಬೇಕಾಗಿ ಬಂದಿತು. ಆದವಾನಿ, ಆಲೂರು, ರಾಯದುರ್ಗ ಇವು ಆಂಧ್ರಕ್ಕೆಂದೂ, ಹೊಸಪೇಟೆ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ಇವು ಮೈಸೂರಿಗೆಂದೂ ತೀರ್ಮಾನವಾಯಿತು. ಉಳಿದುದು ಬಳ್ಳಾರಿ ತಾಲ್ಲೂಕು ಒಂದೇ. ಅದನ್ನು ಹೈದರಾಬಾದಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಲ್. ಎಸ್. ಮಿಶ್ರರ ವಿಚಾರಣೆಗೆ ಒಪ್ಪಿಸಲಾಯಿತು. ಅವರು ಅದು ಮೈಸೂರಿಗೆ ಸೇರತಕ್ಕದ್ದೆಂದು ಅಭಿಪ್ರಾಯಪಟ್ಟರು. ೧೯೫೩ರ ಅಕ್ಟೋಬರ್ ೧ರಂದು ಏಳು ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಆ ವಿಲೀನದ ಸಂದರ್ಭದಲ್ಲಿ ಕನ್ನಡದ ಕಾರ್ಯಕರ್ತರಾಗಿದ್ದ ಪಿಂಜಾರ ರಂಜಾನ್ ಸಾಹೇಬರು ದಾಳಿಗೆ ತುತ್ತಾಗಿ ಪ್ರಾಣವನ್ನು ತೆತ್ತರು. ನಾಡಿನ ಅಭಿಮಾನವು ಮತವನ್ನು ನೋಡಿ ಹುಟ್ಟುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ವಿಷಯವು ಅಲ್ಲಿಗೂ ಮುಗಿಯಲಿಲ್ಲ. ಫಜಲ್ ಅಲಿ, ಹೃದಯನಾಥ ಕುಂಜ್ರು, ಸರ್ದಾರ್ ಪಣಿಕ್ಕರ್ ಇವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರ ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ, ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲ್ಲೂಕುಗಳನ್ನೂ ಮಲ್ಲಾಪುರ ಉಪತಾಲ್ಲೂಕಿನ ಸ್ವಲ್ಪ ಭಾಗವನ್ನೂ ಆಂಧ್ರಕ್ಕೆ ಕೊಡಬೇಕೆಂದು ಸೂಚಿಸಿತು. ಇದಕ್ಕೆ ಮುಖ್ಯ ಕಾರಣವು ನುಡಿಯಲ್ಲ, ನೀರು. ೧೯೪೫ರಲ್ಲಿ ಅಸ್ತಿಭಾರ ಬಿದ್ದು ೧೯೫೩ರ ಹೊತ್ತಿಗೆ ಸಿದ್ಧವಾಗಿದ್ದ ತುಂಗಭದ್ರಾ ಅಣೆಕಟ್ಟಿನ ಬಲದಂಡೆಯ ಕಾಲುವೆಗಳು ಬಳ್ಳಾರಿಯನ್ನು ದಾಟಿ ರಾಯಲಸೀಮೆಯ ಬರದ ನೆಲಕ್ಕೆ ಹೋಗತಕ್ಕವು. ಆದುದರಿಂದ ಅಣೆಕಟ್ಟಿನ ಮುಖವೂ ಆ ರಾಜ್ಯದಲ್ಲಿಯೇ ಇರುವುದು ಯುಕ್ತವೆಂದು ಆಯೋಗವು ಎಣಿಸಿತು. ಕನ್ನಡಿಗರು ಇದನ್ನು ಪ್ರಬಲವಾಗಿ ವಿರೋಧಿಸಿದರು. ಸರ್ಕಾರವೂ ಪಾರ್ಲಿಮೆಂಟೂ ಈ ಸೂಚನೆಯನ್ನು ಕೈಬಿಟ್ಟುದರಿಂದ ೧೯೫೬ರ ನವೆಂಬರ್ ೧ರಂದು ಬಳ್ಳಾರಿಯು ವಿಶಾಲ ಮೈಸೂರಿನಲ್ಲಿಯೇ ಉಳಿಯಿತು. ತೆಲುಗರೇ ಅಧಿಕವಾಗಿದ್ದ ಕೋಲಾರವೂ ಅದೇ ರಾಜ್ಯದಲ್ಲಿ ನಿಂತಿತು.

ಇಲ್ಲಿ ವಿದ್ಯಾರ್ಥಿಯು ಸಾವಧಾನವಾಗಿ ಗಮನಿಸತಕ್ಕುದೊಂದುಂಟು. ಒಂದೇ ನೆಲದ ವಿಷಯದಲ್ಲಿ ೧೮೦೦ರಲ್ಲಿ ಕಂದಾಯವೂ, ೧೯೫೩ರಲ್ಲಿ ಜನರ ನುಡಿ ಸಂಸ್ಕೃತಿಗಳೂ, ೧೯೫೫ರಲ್ಲಿ ಕಾಲುವೆಯ ನೀರೂ ಪ್ರಮಾಣವಾದುವು. ಪ್ರಮಾಣವು ಬದಲಾದಂತೆ ಪ್ರಮೇಯವೂ ಬದಲಾಯಿಸಿತು. ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಸೀಮಾನಿರ್ಣಯದ ವರದಿಯನ್ನು ಓದುವವನು ತೀರ್ಪು ಏನೆಂಬುದಕ್ಕಿಂತ ಮೊದಲು ಯಾವ ಪ್ರಮಾಣದಿಂದ ತೀರ್ಪು ಬಂದಿತೆಂಬುದನ್ನು ನೋಡತಕ್ಕದ್ದು.

ಆಯೋಗದ ಸೂಚನೆಯು ತಿರಸ್ಕೃತವಾದರೂ ಅದು ಎತ್ತಿದ ಪ್ರಶ್ನೆಯು ನಿಜವಾದುದೇ ಆಗಿದ್ದಿತು. ಅದಕ್ಕೆ ಉತ್ತರವು ಗಡಿಯನ್ನು ಸರಿಸುವುದರಿಂದಲ್ಲ, ಆಡಳಿತವನ್ನು ಗಡಿಯ ಆಚೆಗೂ ಚಾಚುವುದರಿಂದ ದೊರೆಯಿತು. ಆಂಧ್ರ ರಾಜ್ಯದ ಶಾಸನದ ಅನುಸಾರವಾಗಿ ಏರ್ಪಟ್ಟ ತುಂಗಭದ್ರಾ ಮಂಡಲಿಯು ಅಣೆಕಟ್ಟನ್ನೂ ಎರಡು ರಾಜ್ಯಗಳಿಗೂ ಸೇರಿದ ಕಾಲುವೆಗಳನ್ನೂ ನೋಡಿಕೊಳ್ಳುತ್ತ ಬಂದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಹತ್ತೊಂಬತ್ತನೆಯ ತೂಬಿನ ಬಾಗಿಲು ಕೊಚ್ಚಿಹೋದಾಗ, ನೀರು ವ್ಯರ್ಥವಾಗಿ ಹರಿದುಹೋಗುವುದನ್ನು ಕಂಡು ಗಂಗಾವತಿಯ ರೈತನೂ ಕರ್ನೂಲಿನ ರೈತನೂ ಸಮಾನವಾಗಿಯೇ ಕಳವಳಪಟ್ಟರು. ಕೆಲವೇ ದಿನಗಳಲ್ಲಿ ತಾತ್ಕಾಲಿಕವಾದ ತಡೆಯನ್ನು ನಿಲ್ಲಿಸಿದುದು ಇಬ್ಬರ ಬೆಳೆಯನ್ನೂ ಕಾಪಾಡಿತು. ನೀರಿಗೆ ಜನಗಣತಿಯ ಭಾಷಾಪಟ್ಟಿಯು ತಿಳಿಯದು.

ಗಡಿಯು ಒಂದು ರಾತ್ರಿಯಲ್ಲಿ ಸರಿದರೂ ಕಾನೂನು ಅಷ್ಟು ಬೇಗ ಸರಿಯುವುದಿಲ್ಲ. ೧೯೫೩ರ ಅನಂತರವೂ ಬಳ್ಳಾರಿ ಜಿಲ್ಲೆಯಲ್ಲಿ ಅನೇಕ ವಿಷಯಗಳಿಗೆ ಮದರಾಸಿನ ಶಾಸನಗಳೇ ಬಹುಕಾಲ ನಡೆದುಬಂದುವು. ಜಿಲ್ಲೆಯೊಳಗಿನ ಎಲ್ಲೆಗಳ ಕಥೆಯೂ ಹೀಗೆಯೇ. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಹೊಸಪೇಟೆಯನ್ನು ಮುಖ್ಯಸ್ಥಾನವಾಗುಳ್ಳ ವಿಜಯನಗರ ಜಿಲ್ಲೆಗೆ ಸೇರಿತು. ಸಂವಿಧಾನದ ೩೭೧ನೆಯ ಅನುಚ್ಛೇದದ 'ಜೆ' ಭಾಗದಿಂದ ಹೈದರಾಬಾದು ಕರ್ನಾಟಕಕ್ಕೆ ದೊರೆತ ವಿಶೇಷ ಸೌಲಭ್ಯಗಳು ಈ ಮರಳುವಿಕೆಗೆ ಮುಖ್ಯ ಕಾರಣವಾದುವು. ೧೮೦೦ರಲ್ಲಿಯೇ ನಿಜಾಮನ ಕೈಬಿಟ್ಟ ಬಳ್ಳಾರಿಯು ಆ ಸೌಲಭ್ಯಕ್ಕಾಗಿ ಹೈದರಾಬಾದು ಕರ್ನಾಟಕದಲ್ಲಿ ಎಣಿಕೆಯಾದುದನ್ನು ನೋಡಿದರೆ, ಆಡಳಿತದ ಅನುಕೂಲವು ಚರಿತ್ರೆಯ ಹೆಸರುಗಳನ್ನು ತನಗೆ ಬೇಕಾದಂತೆ ತೊಡುತ್ತದೆಯೆಂಬುದು ವ್ಯಕ್ತವಾಗುತ್ತದೆ.

ಮನುವು ಹೂಳಿಡಿಸಿದ ಗುಪ್ತಚಿಹ್ನೆಗಳ ಮಹತ್ತ್ವವು ಈ ಶತಮಾನದಲ್ಲಿಯೂ ತಿಳಿದುಬಂದಿದೆ. ಬಳ್ಳಾರಿ ಅನಂತಪುರಗಳ ನಡುವಣ ಕಬ್ಬಿಣದ ಅದಿರಿನ ಬೆಟ್ಟಗಳಲ್ಲಿ ಗಣಿ ತೋಡುವವರ ಭರದಲ್ಲಿ ಗಡಿಯ ಗುರುತುಗಳು ಅಳಿಸಿಹೋದುವೆಂಬ ದೂರು ಎದ್ದಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಯಿತು. ಎಲ್ಲೆಯನ್ನು ಮತ್ತೆ ಗುರುತಿಸುವ ಕೆಲಸವು ಭಾರತ ಸರ್ವೇಕ್ಷಣ ಇಲಾಖೆಯ ಪಾಲಿಗೆ ಬಂದಿತು. ನುಡಿಗಾಗಿ ಪ್ರಾಣವನ್ನು ಕೊಟ್ಟು ಪಡೆದ ಗಡಿಯನ್ನು ಲಾಭವು ಸದ್ದಿಲ್ಲದೆ ಅಳಿಸಬಲ್ಲದೆಂಬುದು ಈ ಪ್ರಸಂಗದ ನೀತಿಯು.

ಕೊನೆಯದಾಗಿ ಗಡಿಯ ಆಚೆ ಉಳಿದವರ ಮಾತು. ಆದವಾನಿ, ಆಲೂರು, ರಾಯದುರ್ಗಗಳಲ್ಲಿ ಕನ್ನಡದ ಮನೆಗಳೂ ಕನ್ನಡ ಶಾಲೆಗಳೂ ಇಂದಿಗೂ ಇವೆ. ಬಳ್ಳಾರಿಯಲ್ಲಿ ತೆಲುಗಿನ ಮನೆಗಳು ಹಾಗೆಯೇ ಇವೆ. ಎಷ್ಟು ಸೂಕ್ಷ್ಮವಾಗಿ ಎಳೆದರೂ ಯಾವ ಗೆರೆಯೂ ಇವರೆಲ್ಲರನ್ನೂ ತಂತಮ್ಮ ಕಡೆಗೆ ಸೇರಿಸಲಾರದು. ಇದನ್ನರಿತೇ ೧೯೫೬ರಲ್ಲಿ ಸಂವಿಧಾನಕ್ಕೆ ೩೫೦ನೆಯ ಅನುಚ್ಛೇದದ 'ಎ' ಭಾಗವನ್ನು ಸೇರಿಸಿ, ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಮಾತೃಭಾಷೆಯಲ್ಲಿ ಒದಗಿಸುವ ಪ್ರಯತ್ನವು ರಾಜ್ಯದ ಕರ್ತವ್ಯವೆಂದು ವಿಧಿಸಲಾಯಿತು. ಬಳ್ಳಾರಿ ನಮ್ಮದಾಯಿತೆಂದು ಹಿಗ್ಗುವವರು ರಾಯದುರ್ಗದ ಕನ್ನಡ ಶಾಲೆಗೆ ಉಪಾಧ್ಯಾಯರೂ ಪುಸ್ತಕಗಳೂ ಸಕಾಲದಲ್ಲಿ ಬರುವುವೇ ಎಂದು ಕೇಳಬೇಕು; ಹಾಗೆ ಕೇಳುವ ಅಧಿಕಾರವು, ನಮ್ಮಲ್ಲಿಯ ತೆಲುಗು ಶಾಲೆಗೆ ಅದೇ ನ್ಯಾಯವನ್ನು ನಡೆಸಿದವರಿಗೆ ಮಾತ್ರ ಉಂಟು.

ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ಬಳ್ಳಾರಿಯಲ್ಲಿ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾಲಯವಿದೆ. ಅಲ್ಲಿಯ ತರುಣರು ಒಪ್ಪಂದಗಳನ್ನೂ ವರದಿಗಳನ್ನೂ ಓದಿದ ಮೇಲೆ, ಸ್ಮೃತಿಕಾರನು ಹೇಳಿದಂತೆ ದನಗಾಹಿಯನ್ನೂ ಬೆಸ್ತನನ್ನೂ ಕೇಳಲು ಗಡಿಯ ಹಳ್ಳಿಗಳಿಗೆ ನಡೆಯಲಿ. ಬೇಸಿಗೆಯ ಜ್ಯೇಷ್ಠಮಾಸವೇ ಅದಕ್ಕೆ ತಕ್ಕ ಕಾಲವು.