ಬರ್ಬನ್ ವಿಸ್ಕಿಯ ರುಚಿಭೇದಗಳು: ಒಂದು ಚಾರಿತ್ರಿಕ ವಿವೇಚನೆ

ಚರಿತ್ರೆಯ ಅಭ್ಯಾಸಿಗಳು ರಾಜ್ಯಗಳ ಏಳುಬೀಳುಗಳನ್ನೂ ಶಾಸನಗಳ ಕಾಲನಿರ್ಣಯವನ್ನೂ ಶ್ರದ್ಧೆಯಿಂದ ಪರಿಶೀಲಿಸುವರಾದರೂ, ಮನುಷ್ಯನ ನಾಲಗೆಯ ಅಭಿರುಚಿಯನ್ನು ಚರಿತ್ರೆಯ ವಸ್ತುವೆಂದು ಪರಿಗಣಿಸುವುದು ವಿರಳ. ರುಚಿಯು ಕೇವಲ ವ್ಯಕ್ತಿಗತವಾದದ್ದು, ಅಲ್ಲಿ ವಾದಕ್ಕೆ ಅವಕಾಶವಿಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣವಾಗಿರಬೇಕು. ಆದರೆ ಒಬ್ಬನು ಎರಡು ಲೋಟಗಳನ್ನು ಮುಂದಿಟ್ಟುಕೊಂಡು ಇದು ಅದಕ್ಕಿಂತ ಮೇಲು ಎಂದು ತೀರ್ಪು ಕೊಟ್ಟಾಗ, ಆ ತೀರ್ಪಿನಲ್ಲಿ ಅವನ ಸ್ವಂತದ್ದೆಷ್ಟು, ಅವನಿಗಿಂತ ಹಿಂದೆ ಬಾಳಿದವರು ಮಾಡಿಟ್ಟದ್ದೆಷ್ಟು ಎಂಬ ಪ್ರಶ್ನೆ ಏಳದಿರಲಾರದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಬರ್ಬನ್ ವಿಸ್ಕಿಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸಲು ಯತ್ನಿಸುತ್ತೇವೆ. ಪಾನವನ್ನು ಹೊಗಳುವುದಾಗಲಿ ತೆಗಳುವುದಾಗಲಿ ನಮ್ಮ ಉದ್ದೇಶವಲ್ಲ.

ಮೊದಲು ವಸ್ತುವಿನ ಲಕ್ಷಣವನ್ನು ತಿಳಿಯಬೇಕು. ಇಂದಿನ ಅಮೆರಿಕನ್ ಕಾನೂನಿನಂತೆ ಬರ್ಬನ್ ಎನಿಸಿಕೊಳ್ಳುವ ವಿಸ್ಕಿಯಲ್ಲಿ ಧಾನ್ಯಗಳ ಪೈಕಿ ಶೇಕಡಾ ೫೧ಕ್ಕೆ ಕಡಮೆಯಿಲ್ಲದಷ್ಟು ಮುಸುಕಿನ ಜೋಳವಿರಬೇಕು. ಭಟ್ಟಿ ಇಳಿಸಿದಾಗ ಮದ್ಯಸಾರವು ಶೇಕಡಾ ೮೦ನ್ನು ಮೀರಕೂಡದು; ಪೀಪಾಯಿಗೆ ತುಂಬುವಾಗ ಶೇಕಡಾ ೬೨.೫ನ್ನು ಮೀರಕೂಡದು, ಸೀಸೆಗೆ ತುಂಬುವಾಗ ಶೇಕಡಾ ೪೦ಕ್ಕೆ ಇಳಿಯಕೂಡದು. ಪೀಪಾಯಿಯು ಓಕ್ ಮರದ್ದಾಗಿದ್ದು, ಹೊಸದಾಗಿರಬೇಕು, ಒಳಮೈ ಸುಟ್ಟು ಕರಿಯಾಗಿರಬೇಕು. ಬಣ್ಣವನ್ನಾಗಲಿ ಸುವಾಸನೆಯನ್ನಾಗಲಿ ಹೊರಗಿನಿಂದ ಸೇರಿಸುವಂತಿಲ್ಲ. ಈ ಚೌಕಟ್ಟಿನೊಳಗೆ ತಯಾರಕನಿಗೆ ಉಳಿಯುವ ಸ್ವಾತಂತ್ರ್ಯವು ಕೆಲವೇ ಅಂಶಗಳಿಗೆ ಸೀಮಿತವಾದದ್ದು: ಜೋಳದ ಜೊತೆಗೆ ಬೆರೆಸುವ ಧಾನ್ಯ ರೈ ಆಗಬೇಕೆ ಗೋಧಿಯಾಗಬೇಕೆ, ಹುಳಿ ಬರಿಸಲು ಯಾವ ಜಾತಿಯ ಯೀಸ್ಟ್, ಪೀಪಾಯಿಯನ್ನು ಎಷ್ಟು ಸುಡಬೇಕು, ಉಗ್ರಾಣದ ಯಾವ ಅಂತಸ್ತಿನಲ್ಲಿ ಎಷ್ಟು ವರ್ಷ ಇಡಬೇಕು, ಕೊನೆಗೆ ಎಷ್ಟು ನೀರು ಬೆರೆಸಬೇಕು. ಒಂದು ಬರ್ಬನ್ನನ್ನು ಮತ್ತೊಂದರೊಡನೆ ಹೋಲಿಸುವುದೆಂದರೆ ಈ ಅಂಶಗಳನ್ನು ಹೋಲಿಸುವುದೇ ಆಗಿದೆ. ವೆನಿಲ್ಲಾದಂಥ ಪರಿಮಳವೂ ಕಾಸಿದ ಸಕ್ಕರೆಯಂಥ ಸವಿಯೂ ಬಹುಮಟ್ಟಿಗೆ ಸುಟ್ಟ ಮರದಿಂದ ಬರುವುವು; ಮೆಣಸಿನಂಥ ಚುರುಕು ರೈ ಧಾನ್ಯದಿಂದ ಬರುವುದು; ಗೋಧಿಯು ತಾನು ಹಿಂದೆ ಸರಿದು ಜೋಳಕ್ಕೂ ಮರಕ್ಕೂ ಎಡೆಗೊಡುವುದು.

ಈ ಚೌಕಟ್ಟು ಹುಟ್ಟಿನಿಂದ ಬಂದದ್ದಲ್ಲ. ಬರ್ಬನ್ನಿನ ಹುಟ್ಟಿನ ವಿಷಯದಲ್ಲಿ ಐತಿಹ್ಯಗಳಿಗೆ ಕೊರತೆಯಿಲ್ಲ. ಎಲೈಜಾ ಕ್ರೇಗ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿಯು ೧೭೮೯ರಲ್ಲಿ ಇದನ್ನು ಮೊದಲು ತಯಾರಿಸಿದನೆಂದು ಒಂದು ಸೀಸೆ ಸಾರಿದರೆ, ಇವಾನ್ ವಿಲಿಯಮ್ಸ್ ಎಂಬಾತನು ೧೭೮೩ರಲ್ಲಿಯೇ ಲೂಯಿವಿಲ್‌ನಲ್ಲಿ ಭಟ್ಟಿ ಹೂಡಿದನೆಂದು ಇನ್ನೊಂದು ಸೀಸೆ ಸಾರುತ್ತದೆ. ಕ್ರೇಗನು ತೀರಿಕೊಂಡದ್ದು ೧೮೦೮ರಲ್ಲಿ. ೧೭೮೯ರ ಹೇಳಿಕೆಯನ್ನು ಪ್ರಚುರಪಡಿಸಿದ ಕಾಲಿನ್ಸ್‌ನ ಕೆಂಟಕಿ ಚರಿತ್ರೆ ಪ್ರಕಟವಾದದ್ದು ೧೮೭೪ರಲ್ಲಿ. ನಡುವೆ ಅರುವತ್ತಕ್ಕೂ ಮಿಕ್ಕಿದ ವರ್ಷಗಳ ಅಂತರವಿರುವಾಗ ಇಂಥ ಹೇಳಿಕೆಯನ್ನು ಸಮಕಾಲೀನ ಸಾಕ್ಷ್ಯದ ಸಾಲಿಗೆ ಸೇರಿಸಲಾಗದು. ಹೆಸರಿನ ಮಾತೂ ಹೀಗೆಯೇ. ಫ್ರಾನ್ಸಿನ ಬೂರ್ಬನ್ ರಾಜವಂಶದ ಹೆಸರಿನಲ್ಲಿ ೧೭೮೫ರಲ್ಲಿ ಬರ್ಬನ್ ಕೌಂಟಿ ಎಂಬ ಜಿಲ್ಲೆ ರಚಿತವಾಯಿತು. ಆಗ ಅದು ವರ್ಜೀನಿಯಾಕ್ಕೆ ಸೇರಿದ್ದು, ೧೭೯೨ರಲ್ಲಿ ಕೆಂಟಕಿಯು ಪ್ರತ್ಯೇಕ ರಾಜ್ಯವಾದಾಗ ಅದರ ಭಾಗವಾಯಿತು. ಪಾನೀಯಕ್ಕೆ ಆ ಜಿಲ್ಲೆಯಿಂದ ಹೆಸರು ಬಂತೆಂದು ಕೆಲವರೂ, ಸರಕು ಹೋಗಿ ಸೇರುತ್ತಿದ್ದ ನ್ಯೂ ಆರ್ಲಿಯನ್ಸ್ ನಗರದ ಬರ್ಬನ್ ಬೀದಿಯಿಂದ ಬಂತೆಂದು ಇತರರೂ ವಾದಿಸುತ್ತಾರೆ.

ನಮ್ಮ ಶಾಸನಗಳನ್ನು ಓದಿ ಬಲ್ಲವರಿಗೆ ಇದು ಅಪರಿಚಿತ ಸ್ಥಿತಿಯಲ್ಲ. ಶಾಸನದಲ್ಲಿ ಪ್ರಶಸ್ತಿಭಾಗ ಬೇರೆ, ದತ್ತಿಯ ವಿವರ ಬೇರೆ. ವಂಶವನ್ನು ಸೂರ್ಯಚಂದ್ರರಿಗೆ ಮುಟ್ಟಿಸುವ ಕವಿಯು, ಭೂಮಿಯ ಅಳತೆಯನ್ನೂ ಎಲ್ಲೆಕಟ್ಟನ್ನೂ ಹೇಳುವಾಗ ಎಚ್ಚರದಿಂದಿರುತ್ತಾನೆ. ಸೀಸೆಯ ಮೇಲೆ ಅಂಟಿಸಿದ ಚೀಟಿಯಲ್ಲಿಯೂ ಸ್ಥಾಪಕನ ಹೆಸರು, ಇಸವಿ, ಮನೆತನದ ಕಥೆಗಳು ಪ್ರಶಸ್ತಿಭಾಗಕ್ಕೆ ಸೇರಿದವು. ಮದ್ಯಸಾರದ ಪ್ರಮಾಣ, ವಯಸ್ಸು, ಭಟ್ಟಿಯ ಸ್ಥಳ ಇವು ಎಲ್ಲೆಕಟ್ಟಿಗೆ ಸೇರಿದವು. ಪ್ರಶಸ್ತಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂಬುದನ್ನೂ ಗಮನಿಸಬೇಕು. ಕೆಂಟಕಿಯ ಕೇಸಿ ಜಿಲ್ಲೆಯ ಕ್ಯಾಥರೀನ್ ಕಾರ್ಪೆಂಟರ್ ಎಂಬ ಮಹಿಳೆಯ ಹೆಸರಿನಲ್ಲಿ, ಹಿಂದಿನ ಭಟ್ಟಿಯ ಹುಳಿಯನ್ನು ಮುಂದಿನದಕ್ಕೆ ಬೆರೆಸುವ ಕ್ರಮವು ೧೮೧೮ರ ಬರಹವೊಂದರಲ್ಲಿ ಉಳಿದುಬಂದಿದೆ. ಆದರೂ ಜನಜನಿತವಾದ ಕಥೆಯಲ್ಲಿ ಆ ಕ್ರಮದ ಕೀರ್ತಿಯೆಲ್ಲವೂ ಅನಂತರ ಬಂದ ಜೇಮ್ಸ್ ಕ್ರೋ ಎಂಬ ಸ್ಕಾಟ್ಲೆಂಡಿನವನಿಗೆ ಸಂದಿದೆ. ಕ್ರೋ ಮಾಡಿದ್ದು ಅದನ್ನು ಮಾಪನಗಳ ನೆರವಿನಿಂದ ಕ್ರಮಬದ್ಧಗೊಳಿಸಿದ ಕೆಲಸ, ಅದೂ ಅಲ್ಪವಲ್ಲ. ನೆರೆಯ ಟೆನೆಸೀ ರಾಜ್ಯದಲ್ಲಿ ಜ್ಯಾಕ್ ಡೇನಿಯಲ್ಲನಿಗೆ ಭಟ್ಟಿಯ ವಿದ್ಯೆಯನ್ನು ಕಲಿಸಿದ ನಿಯರೆಸ್ಟ್ ಗ್ರೀನ್ ದಾಸ್ಯದಲ್ಲಿದ್ದ ಕಪ್ಪು ಜನಾಂಗದವನು. ಆ ಕಂಪನಿಯು ಇದನ್ನು ತನ್ನ ಅಧಿಕೃತ ಕಥನದಲ್ಲಿ ಸೇರಿಸಿಕೊಂಡದ್ದು ೨೦೧೬ರ ಸುಮಾರಿಗೆ.

ಇನ್ನು ಎಲ್ಲೆಕಟ್ಟಿನ ಕಡೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಸ್ಕಿಯು ಸಾಮಾನ್ಯವಾಗಿ ಪೀಪಾಯಿಗಳಲ್ಲಿ ಮಾರಾಟವಾಗುತ್ತಿತ್ತು. ಪೀಪಾಯಿಯು ಭಟ್ಟಿಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಅದರೊಳಗೆ ಏನೇನು ಸೇರುತ್ತಿತ್ತೋ ಕೊಳ್ಳುವವನಿಗೆ ತಿಳಿಯುತ್ತಿರಲಿಲ್ಲ. ರುಚಿಯಿಲ್ಲದ ಬರಿಯ ಮದ್ಯಸಾರಕ್ಕೆ ಬಣ್ಣವನ್ನೂ ಸುವಾಸನೆಯನ್ನೂ ಕೂಡಿಸಿ ಹಳೆಯ ವಿಸ್ಕಿಯೆಂದು ಮಾರುವ ದಂಧೆ ಬಲವಾಗಿತ್ತು. ಇಂಥ ಸ್ಥಿತಿಯಲ್ಲಿ ಒಬ್ಬ ತಯಾರಕನ ವಿಸ್ಕಿಯನ್ನು ಇನ್ನೊಬ್ಬನದರೊಡನೆ ಹೋಲಿಸುವುದೇ ಅರ್ಥಹೀನ. ಹೆಸರಿಗೂ ವಸ್ತುವಿಗೂ ಸಂಬಂಧವೇ ಇಲ್ಲದಲ್ಲಿ ತಾರತಮ್ಯವೆಲ್ಲಿಂದ ಬಂತು? ೧೮೭೦ರಲ್ಲಿ ಲೂಯಿವಿಲ್‌ನ ಜಾರ್ಜ್ ಗಾರ್ವಿನ್ ಬ್ರೌನ್ ಎಂಬ ವ್ಯಾಪಾರಿಯು ತನ್ನ ಓಲ್ಡ್ ಫಾರೆಸ್ಟರನ್ನು ಮೊಹರು ಮಾಡಿದ ಸೀಸೆಗಳಲ್ಲಿ ಮಾತ್ರ ಮಾರಲು ತೊಡಗಿದ್ದು ಈ ಅವಿಶ್ವಾಸಕ್ಕೆ ಕೊಟ್ಟ ಉತ್ತರವೇ ಆಗಿತ್ತು. ೧೮೯೭ರ ಮಾರ್ಚ್ ೩ರಂದು ಸರ್ಕಾರವೇ ಮುಂದೆ ಬಂದು ಬಾಟಲ್ಡ್ ಇನ್ ಬಾಂಡ್ ಎಂಬ ಕಾಯಿದೆಯನ್ನು ಜಾರಿಗೆ ತಂದಿತು. ಒಂದೇ ಭಟ್ಟಿಯಲ್ಲಿ, ಒಂದೇ ಋತುವಿನಲ್ಲಿ ಇಳಿಸಿ, ಸುಂಕದ ಅಧಿಕಾರಿಗಳ ಕಣ್ಗಾವಲಿನ ಉಗ್ರಾಣದಲ್ಲಿ ನಾಲ್ಕು ವರ್ಷಕ್ಕೆ ಕಡಮೆಯಿಲ್ಲದಂತೆ ಇರಿಸಿ, ಶೇಕಡಾ ೫೦ರ ಮದ್ಯಸಾರದಲ್ಲಿ ತುಂಬಿದ ಸೀಸೆಗೆ ಸರ್ಕಾರದ ಮುದ್ರೆ ದೊರೆಯುವಂತಾಯಿತು. ೧೯೦೬ರ ಆಹಾರ ಮತ್ತು ಔಷಧ ಕಾಯಿದೆಯ ಬಳಿಕ, ವಿಸ್ಕಿ ಎಂದರೇನು ಎಂಬ ಪ್ರಶ್ನೆಯು ವರ್ಷಗಟ್ಟಲೆ ವ್ಯಾಜ್ಯಕ್ಕೆ ಎಡೆಮಾಡಿತು. ಕೊನೆಗೆ ೧೯೦೯ರ ಡಿಸೆಂಬರಿನಲ್ಲಿ ಅಧ್ಯಕ್ಷ ಟಾಫ್ಟ್ ಅವರೇ ತೀರ್ಮಾನವಿತ್ತು, ಅಮಿಶ್ರವಾದುದನ್ನು ಸ್ಟ್ರೇಟ್ ಎಂದೂ ಬರಿಯ ಮದ್ಯಸಾರ ಬೆರೆತುದನ್ನು ಬ್ಲೆಂಡೆಡ್ ಎಂದೂ ಬೇರೆಬೇರೆಯಾಗಿ ನಮೂದಿಸಬೇಕೆಂದು ವಿಧಿಸಿದರು. ಒಂದು ದೇಶದ ಅಧ್ಯಕ್ಷರು ಸೀಸೆಯ ಚೀಟಿಯ ಮಾತುಗಳನ್ನು ತೂಗಿ ನೋಡಬೇಕಾಗಿ ಬಂದದ್ದು ವಿಚಿತ್ರವಾಗಿ ಕಾಣಬಹುದು. ಆದರೆ ಪ್ರಾಮಾಣಿಕವಾದ ಹೆಸರೇ ಹೋಲಿಕೆಗೆ ತಳಹದಿ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ಇನ್ನೊಂದಿಲ್ಲ.

ಈ ತಳಹದಿಯ ಮೇಲೆ ಬೆಳೆದ ಅಭಿರುಚಿಯು ಹೆಚ್ಚು ಕಾಲ ನಿಲ್ಲಲಿಲ್ಲ. ೧೯೨೦ರ ಜನವರಿಯಿಂದ ೧೯೩೩ರ ಡಿಸೆಂಬರಿನವರೆಗೆ ದೇಶದಾದ್ಯಂತ ಪಾನನಿಷೇಧ ಜಾರಿಯಲ್ಲಿತ್ತು. ವೈದ್ಯರ ಚೀಟಿಯ ಮೇಲೆ ಔಷಧವಾಗಿ ಮಾರಲು ಆರು ಕಂಪನಿಗಳಿಗೆ ಮಾತ್ರ ಪರವಾನಗಿ ಇತ್ತು. ನಿಷೇಧ ತೊಲಗಿದಾಗ ಮಾಗಿದ ದಾಸ್ತಾನು ಕೈಯಲ್ಲಿರಲಿಲ್ಲ. ನಾಲ್ಕು ವರ್ಷದ ವಿಸ್ಕಿಗೆ ನಾಲ್ಕು ವರ್ಷ ಕಾಯದೆ ಗತಿಯಿಲ್ಲ. ಕಾದು ಕೂಡಿಸುವಷ್ಟರಲ್ಲಿ ಯುದ್ಧ ಬಂದು, ೧೯೪೨ರಿಂದ ಭಟ್ಟಿಗಳು ಕೈಗಾರಿಕೆಗೆ ಬೇಕಾದ ಮದ್ಯಸಾರದ ಕಡೆಗೆ ತಿರುಗಿದವು. ಹೀಗೆ ಒಂದು ತಲೆಮಾರಿನವರು ಹಗುರವಾದ ಮಿಶ್ರ ವಿಸ್ಕಿಗೆ ಒಗ್ಗಿಕೊಂಡರು. ಅವರು ಅದನ್ನೇ ತಮ್ಮ ಸ್ವಂತ ಮೆಚ್ಚುಗೆ ಎಂದು ನಂಬಿದ್ದರೆ ಆಶ್ಚರ್ಯವಿಲ್ಲ. ಅಂಗಡಿಯಲ್ಲಿ ಧಾರಾಳವಾಗಿ ದೊರೆಯುತ್ತಿದ್ದುದು ಅದೇ. ಫೋರ್ ರೋಸಸ್ ಎಂಬ ಹೆಸರಿನ ಕಥೆ ಇನ್ನೂ ಬೋಧಪ್ರದವಾದುದು. ಅದರ ಒಡೆತನ ಪಡೆದ ಸೀಗ್ರಮ್ ಕಂಪನಿಯು ೧೯೫೦ರ ದಶಕದ ಕೊನೆಯಿಂದ ಸ್ಟ್ರೇಟ್ ಬರ್ಬನ್ನನ್ನು ಯುರೋಪಿಗೂ ಜಪಾನಿಗೂ ಕಳುಹಿಸಿ, ತವರಿನಲ್ಲಿ ಅದೇ ಹೆಸರಿನ ಅಗ್ಗದ ಮಿಶ್ರಣವನ್ನು ಮಾರಿತು. ೨೦೦೨ರಲ್ಲಿ ಜಪಾನಿನ ಕಿರಿನ್ ಕಂಪನಿ ಅದನ್ನು ಕೊಂಡ ಬಳಿಕವೇ ಮೂಲವಸ್ತು ತವರಿಗೆ ಮರಳಿತು. ನಾಲ್ಕು ದಶಕಗಳ ಕಾಲ ಒಂದೇ ಹೆಸರನ್ನು ಟೋಕಿಯೋದಲ್ಲಿ ಮೆಚ್ಚಿದವನೂ ನ್ಯೂಯಾರ್ಕಿನಲ್ಲಿ ಹಳಿದವನೂ ತಂತಮ್ಮ ಮಟ್ಟಿಗೆ ಸತ್ಯವನ್ನೇ ನುಡಿದಿದ್ದರು.

ರೈ ಮತ್ತು ಗೋಧಿಗಳ ತಾರತಮ್ಯವನ್ನು ಈಗ ನೋಡಬಹುದು. ಫೋರ್ ರೋಸಸ್ ಭಟ್ಟಿಯಲ್ಲಿ ಎರಡು ಧಾನ್ಯಕ್ರಮಗಳೂ ಐದು ಬಗೆಯ ಯೀಸ್ಟುಗಳೂ ಕೂಡಿ ಹತ್ತು ಪಾಕಗಳಾಗುತ್ತವೆ; ಒಂದು ಕ್ರಮದಲ್ಲಿ ರೈ ಶೇಕಡಾ ೨೦, ಇನ್ನೊಂದರಲ್ಲಿ ೩೫. ಇದಕ್ಕೆ ಎದುರಾಗಿ ಮೇಕರ್ಸ್ ಮಾರ್ಕ್ ವಿಸ್ಕಿಯಲ್ಲಿ ಜೋಳ ೭೦, ಗೋಧಿ ೧೬, ಮೊಳಕೆ ಬರಿಸಿದ ಬಾರ್ಲಿ ೧೪. ಬಿಲ್ ಸ್ಯಾಮ್ಯುಯೆಲ್ಸ್ ೧೯೫೩ರಲ್ಲಿ ಲೊರೆಟೋದ ಭಟ್ಟಿಯನ್ನು ಕೊಂಡಾಗ, ಮಾಗುವವರೆಗೆ ವರ್ಷಗಟ್ಟಲೆ ಕಾಯಲಾರದೆ ಬೇರೆಬೇರೆ ಧಾನ್ಯಗಳ ರೊಟ್ಟಿ ಸುಟ್ಟು ರುಚಿ ನೋಡಿದರೆಂದು ಆ ಮನೆಯವರು ಹೇಳುವುದುಂಟು. ಇದೂ ಪ್ರಶಸ್ತಿಭಾಗಕ್ಕೆ ಸೇರಿದ ಮಾತು. ಎಲ್ಲೆಕಟ್ಟಿಗೆ ಸೇರಿದ ಸಂಗತಿ ಬೇರೊಂದಿದೆ. ೨೦೧೩ರ ಫೆಬ್ರವರಿಯಲ್ಲಿ, ಬೇಡಿಕೆಗೆ ಸಾಲದಾಯಿತೆಂದು, ಆ ಕಂಪನಿಯು ಮದ್ಯಸಾರವನ್ನು ಶೇಕಡಾ ೪೫ರಿಂದ ೪೨ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ರುಚಿಯಲ್ಲಿ ವ್ಯತ್ಯಾಸವಾಗದೆಂದು ಭರವಸೆಯನ್ನೂ ಕೊಟ್ಟಿತು. ಗ್ರಾಹಕರ ಆಕ್ಷೇಪಣೆ ಎಷ್ಟು ತೀವ್ರವಾಗಿತ್ತೆಂದರೆ, ಕೆಲವೇ ದಿನಗಳಲ್ಲಿ ನಿರ್ಧಾರವನ್ನು ಹಿಂದಕ್ಕೆ ಪಡೆಯಬೇಕಾಯಿತು. ಆಕ್ಷೇಪಿಸಿದವರಲ್ಲಿ ಬಹುಮಂದಿ ಹೊಸದನ್ನು ಕುಡಿದು ನೋಡಿಯೇ ಇರಲಾರರು. ಅವರನ್ನು ಕೆರಳಿಸಿದ್ದು ನಾಲಗೆಗೆ ಆದ ನಷ್ಟವಲ್ಲ, ಕೊಟ್ಟ ಮಾತು ತಪ್ಪಿತೆಂಬ ಭಾವ. ೧೮೯೭ರ ಕಾಯಿದೆಯನ್ನು ಹುಟ್ಟಿಸಿದ್ದೂ ಇದೇ ಭಾವವಲ್ಲವೆ?

ಹಾಗಾದರೆ ಶುದ್ಧವಾದ ಹೋಲಿಕೆ ಸಾಧ್ಯವೇ ಇಲ್ಲವೆ? ಅಂಥ ಒಂದು ಯತ್ನವನ್ನು ಫ್ರಾಂಕ್‌ಫರ್ಟ್ ಪಟ್ಟಣದ ಬಫೆಲೋ ಟ್ರೇಸ್ ಭಟ್ಟಿಯವರು ನಡೆಸಿದರು. ತೊಂಬತ್ತಾರು ಓಕ್ ಮರಗಳನ್ನು ಆರಿಸಿ, ಪ್ರತಿಯೊಂದರ ಮೇಲುಭಾಗ ಕೆಳಭಾಗಗಳಿಂದ ಒಂದೊಂದರಂತೆ ೧೯೨ ಪೀಪಾಯಿಗಳನ್ನು ಮಾಡಿಸಿದರು. ರೈಯೋ ಗೋಧಿಯೋ, ಮರದ ಹಲಗೆಯನ್ನು ಎಷ್ಟು ಕಾಲ ಒಣಗಿಸಿದ್ದು, ಎಷ್ಟು ಸುಟ್ಟದ್ದು, ಯಾವ ಉಗ್ರಾಣ, ಇವನ್ನು ಒಂದೊಂದಾಗಿ ಬದಲಿಸಿ, ೨೦೧೧ರಿಂದ ೨೦೧೫ರವರೆಗೆ ಸೀಸೆಗಳನ್ನು ಹೊರತಂದು ಕುಡಿದವರ ಅಂಕಗಳನ್ನು ಕಲೆಹಾಕಿದರು. ೮೦ನೆಯ ಪೀಪಾಯಿಗೆ ಮೊದಲ ಸ್ಥಾನ ದೊರೆಯಿತು. ಅದು ರೈ ಬೆರೆತ ಪಾಕ, ಮರದ ಕೆಳಭಾಗದ್ದು. ಈ ಶ್ರಮ ಸ್ತುತ್ಯರ್ಹವಾದುದು. ಆದರೆ ಅಂಕಗಳ ಸರಾಸರಿಯು ಬಹುಜನರ ಒಲವನ್ನು ಹೇಳಬಲ್ಲುದೇ ಹೊರತು, ಗೋಧಿಯನ್ನು ಮೆಚ್ಚುವವನನ್ನು ತಪ್ಪಿತಸ್ಥನನ್ನಾಗಿ ಮಾಡಲಾರದು.

ನಮ್ಮ ಒಲವನ್ನು ಕೇಳುವುದಾದರೆ, ರೈ ಹೆಚ್ಚಾಗಿರುವ, ಶೇಕಡಾ ೫೦ರ ಬಾಂಡ್ ಬರ್ಬನ್ ನಮಗೆ ಹೆಚ್ಚು ಪ್ರಿಯವಾದುದು. ಮೆಣಸಿನ ಸಾರನ್ನೂ ಲವಂಗವನ್ನೂ ಉಂಡು ಬೆಳೆದ ನಾಲಗೆಗೆ ಆ ಚುರುಕು ಆಪ್ತವೆನಿಸಿರಬಹುದು. ಆ ನಾಲಗೆಯೂ ಒಂದು ಚರಿತ್ರೆಯ ಫಲವೇ. ಗೋಧಿಯ ಮೃದುತ್ವವನ್ನು ನಾವು ಅಲ್ಲಗಳೆಯುವುದಿಲ್ಲ. ನೀರು ಸೇರಿಸಿದಾಗ ಅದು ಬೇಗನೆ ಸಪ್ಪೆಯಾಗುವುದೆಂಬುದು ನಮ್ಮ ಅನುಭವ. ಹೋಲಿಸುವಾಗ ಮದ್ಯಸಾರವನ್ನು ನೀರಿನಿಂದ ಒಂದೇ ಮಟ್ಟಕ್ಕೆ ತಂದು, ಚೀಟಿ ಕಾಣದಂತೆ ಮರೆಮಾಡಿದರೆ, ಹಿಂದೆ ಮಾಡಿಕೊಂಡ ನಿರ್ಣಯಗಳಲ್ಲಿ ಎಷ್ಟು ಪಾಲು ಹೆಸರಿನದು, ಎಷ್ಟು ಪಾಲು ಬೆಲೆಯದು ಎಂಬುದು ಬೇಗನೆ ಗೋಚರವಾಗುತ್ತದೆ.

ಈ ಕಾನೂನಿನ ಪರಿಣಾಮ ನಮ್ಮ ನಾಡಿಗೂ ಮುಟ್ಟಿದೆ ಎಂಬುದನ್ನು ಹೇಳದೆ ಬಿಡಲಾಗದು. ಪ್ರತಿ ಬಾರಿಯೂ ಹೊಸ ಪೀಪಾಯಿಯೇ ಬೇಕೆಂಬ ನಿಯಮದಿಂದ, ಒಮ್ಮೆ ಬಳಸಿದ ಪೀಪಾಯಿ ಬರ್ಬನ್ನಿಗೆ ಅಯೋಗ್ಯವಾಗಿ ಹೊರದೇಶಗಳಿಗೆ ಸಾಗುತ್ತದೆ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಸಂಸ್ಥೆಯು, ೨೦೦೪ರಲ್ಲಿ ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಿದ ತನ್ನ ಸಿಂಗಲ್ ಮಾಲ್ಟನ್ನು ಮಾಗಿಸಲು ಇಂಥ ಪೀಪಾಯಿಗಳನ್ನು ಉಪಯೋಗಿಸುತ್ತ ಬಂದಿದೆ. ಕೆಂಟಕಿಯ ಸುಟ್ಟ ಮರದ ಪರಿಮಳ ಬೆಂಗಳೂರಿನ ಉಗ್ರಾಣದಲ್ಲಿ ಉಳಿದಿರುವುದು ವಾಷಿಂಗ್ಟನ್ನಿನಲ್ಲಿ ಬರೆದ ಒಂದು ನಿಯಮದ ಫಲ.

ಇಷ್ಟರಿಂದ ಫಲಿಸುವ ತಾತ್ಪರ್ಯವಿದು. ಅಭಿರುಚಿಯು ವ್ಯಕ್ತಿಯದೇ ಹೌದು. ಆದರೆ ಅವನ ಮುಂದೆ ಬಂದು ನಿಲ್ಲುವ ಆಯ್ಕೆಗಳು ಅವನವಲ್ಲ. ಅವು ಸುಂಕದ ಕಾಯಿದೆಗಳೂ ನಿಷೇಧಗಳೂ ಯುದ್ಧಗಳೂ ಲಾಭದ ಲೆಕ್ಕಾಚಾರಗಳೂ ಸೋಸಿ ಉಳಿಸಿದವು. ಮೆಚ್ಚುವ ಸ್ವಾತಂತ್ರ್ಯ ಅರ್ಥವತ್ತಾಗಬೇಕಾದರೆ ಹೆಸರು ಸತ್ಯವಾಗಿರಬೇಕು, ಅಳತೆ ಸರಿಯಾಗಿರಬೇಕು. ನಮ್ಮ ವಿದ್ಯಾರ್ಥಿಗಳು ಪ್ರಶಸ್ತಿಯನ್ನು ಪ್ರಶಸ್ತಿಯೆಂದೂ ಎಲ್ಲೆಕಟ್ಟನ್ನು ಎಲ್ಲೆಕಟ್ಟೆಂದೂ ಓದುವ ಅಭ್ಯಾಸವನ್ನು ಶಿಲೆಗೂ ತಾಮ್ರಕ್ಕೂ ಮಾತ್ರ ಮೀಸಲಿಡದೆ, ದಿನಬಳಕೆಯ ವಸ್ತುಗಳಿಗೂ ವಿಸ್ತರಿಸುವುದು ಉಚಿತ.